‘ಫಸ್ಟ್ ಪರ್ಸನ್ ಶೂಟರ್’, ‘ಲೈವ್ ಆ್ಯಕ್ಷನ್’: ಕನ್ನಡದಲ್ಲಿ ಏನನ್ನೋಣ?

ಪ್ರಶ್ನೆ:
ನಮಸ್ಕಾರ. ಮುಂಬೈಯ ಗೋರೆಗಾಂವ್‌ನ ಸ್ಟುಡಿಯೋ ಒಂದಕ್ಕೆ ಕನ್ನಡ ಸಬ್‌ಟೈಟಲ್ ಬರೆಯುತ್ತಿದ್ದೇನೆ. ಯುದ್ಧದ ವಿಡಿಯೋ ಗೇಮ್‌ಗಳು ಸಿನಿಮಾ ಆಗುವ ಬಗ್ಗೆ ಒಂದು ಕಾರ್ಯಕ್ರಮ. ‘ಫಸ್ಟ್ ಪರ್ಸನ್ ಶೂಟರ್’, ಅಂದರೆ ಆಡುವವರ ಕಣ್ಣಿಂದಲೇ ನೋಡುತ್ತ ಗುಂಡು ಹಾರಿಸುವ ಗೇಮ್‌ಗೆ, ‘ಪ್ರಥಮ ಪುರುಷ ಶೂಟರ್’ ಸರಿಯೇ? ‘ಲೈವ್ ಆ್ಯಕ್ಷನ್’, ಅಂದರೆ ಅನಿಮೇಷನ್ ಅಲ್ಲದೆ ನಿಜವಾದ ನಟರಿರುವ ಸಿನಿಮಾಗೆ, ಒಬ್ಬರು ‘ಸಜೀವ ಕ್ರಿಯಾಚಿತ್ರ’ ಅಂದರು. ನಾಳೆ ಬೆಳಗ್ಗೆ ಕಳಿಸಬೇಕು.

ಉತ್ತರ:
ಎರಡೂ ಬೇಡ.

‘ಪ್ರಥಮ ಪುರುಷ’ ತಪ್ಪು. ಮರಾಠಿಯಲ್ಲಿ ‘ಮೀ’ ಪ್ರಥಮ ಪುರುಷ. ಕನ್ನಡದಲ್ಲಿ ‘ನಾನು’ ಉತ್ತಮ ಪುರುಷ, ‘ಅವನು’ ಪ್ರಥಮ ಪುರುಷ. ಮುಂಬೈಯಲ್ಲಿ ಓದಿದ ನಮ್ಮ ಮಕ್ಕಳು ಇಲ್ಲೇ ಎಡವುತ್ತಾರೆ. ನನ್ನ ಮಗಳೂ ಹಾಗೇ ಬರೆಯುತ್ತಿದ್ದಳು.

ಇಲ್ಲಿ ಪುರುಷ ಬದಲಾದರೆ ಮಾತೇ ಕೆಡುತ್ತದೆ. ಈ ಗೇಮ್‌ಗಳ ಜೀವವೇ ‘ನಾನು’. ಕಾಣುವುದು ನನ್ನ ಕೈ, ನನ್ನ ಬಂದೂಕು. ಮುಖ ಕಾಣುವುದಿಲ್ಲ. ಸಿನಿಮಾ ಆದ ಕೂಡಲೇ ಮುಖ ಬೇಕು, ನಟ ಬೇಕು, ‘ನಾನು’ ಹೋಗಿ ‘ಅವನು’ ಆಗುತ್ತದೆ. ಇಂಥದ್ದೇ ಗೇಮ್‌ನಿಂದ ಬಂದ 2005ರ ‘ಡೂಮ್’ ಸಿನಿಮಾದ ಕೊನೆಗೆ ಕೆಲವೇ ನಿಮಿಷ ಕ್ಯಾಮೆರಾ ಕಣ್ಣಿನ ಜಾಗಕ್ಕೆ ಬರುತ್ತದೆ. ಮಿಕ್ಕದ್ದೆಲ್ಲ ‘ಅವನು’. 2025ರಲ್ಲಿ ಸಿನಿಮಾ ಸಂಸ್ಥೆ ಪ್ಯಾರಾಮೌಂಟ್ ಮತ್ತು ಗೇಮ್ ಕಂಪನಿ ಆಕ್ಟಿವಿಷನ್ ಘೋಷಿಸಿದ ‘ಕಾಲ್ ಆಫ್ ಡ್ಯೂಟಿ’ ಸಿನಿಮಾದವರೂ ಈ ಗಂಟು ಬಿಡಿಸಿಕೊಳ್ಳಲೇಬೇಕು. ನಿಮ್ಮ ಕಾರ್ಯಕ್ರಮದ ವಿಷಯವೇ ಇದು, ಅಲ್ವಾ?

‘ಸಜೀವ’ ಅಂದರೆ ಅನಿಮೇಷನ್ ನಿರ್ಜೀವವೇ? ಇಂಗ್ಲಿಷ್ ತೆಗೆದು ಸಂಸ್ಕೃತ ತುರುಕಿದರೆ ಕನ್ನಡ ಆಗುವುದಿಲ್ಲ. ನಮ್ಮ ಕುಂದಾಪುರದ ಕಡೆ ಈ ಭೇದ ಮೊದಲಿಂದಲೂ ಇದೆ. ಉಪ್ಪಿನಕುದ್ರುವಿನಲ್ಲಿ ಯಕ್ಷಗಾನದ ಪ್ರಸಂಗವನ್ನು ಸೂತ್ರದ ಗೊಂಬೆ ಕುಣಿಸಿ ಆಡಿದರೆ ಗೊಂಬೆಯಾಟ. ಅದನ್ನೇ ಜನ ವೇಷ ಕಟ್ಟಿ ಆಡಿದರೆ ಬಯಲಾಟ. ಯಾರು ಆಡಿದರು ಅನ್ನುವುದೇ ಹೆಸರು. ಹಾಗಾಗಿ ‘ನಟರು ಆಡಿದ ಸಿನಿಮಾ’ ಅನ್ನಿ.

ಇನ್ನು ‘ಗೇಮ್’ ತೆಗೆದು ‘ಆಟ’ ಹಾಕಿ ಅನ್ನುವವರು ಇಲ್ಲಿ ಇದ್ದೇ ಇದ್ದಾರೆ. ಆಟ ನನಗೂ ಇಷ್ಟದ ಪದ. ಆದರೆ ಯಕ್ಷಗಾನವೂ ಆಟ, ಟಾಕೀಸಿನ ಮೊದಲನೇ ಆಟವೂ ಆಟ. ‘ಆಟ ಸಿನಿಮಾ ಆಯಿತು’ ಅಂತ ಎರಡು ಸೆಕೆಂಡಿನಲ್ಲಿ ಓದಿದವರಿಗೆ ಏನು ತಿಳಿಯಬೇಕು? ಸುಮ್ನೆ ಹಟ ಬೇಡ. ಬಂದೂಕು, ಸಿಪಾಯಿ ಕೂಡ ಹೊರಗಿಂದ ಬಂದವೇ. ಅವನ್ನು ಬಿಟ್ಟು ಯುದ್ಧದ ಕಥೆಯನ್ನು ಬರೆದು ತೋರಿಸಿ, ಆಮೇಲೆ ಮಾತಾಡೋಣ.

ನಿಮ್ಮ ಸಾಲು ಹೀಗಿರಲಿ: ‘ನಾನೇ ಗುಂಡು ಹಾರಿಸುವ ಗೇಮ್, ಈಗ ನಟರು ಆಡಿದ ಸಿನಿಮಾ.’ ಉದ್ದ ಜಾಸ್ತಿ ಆದರೆ ‘ಈಗ’ ಬಿಡಿ. ‘ನಾನೇ’ ಬಿಡಬೇಡಿ.