ಕೋಬಿಯಾ ಹಿಡಿಯಲು ಚಾರ್ಟರ್ ಬೋಟ್: ಅಡ್ವಾನ್ಸ್ ಕಟ್ಟುವ ಮುಂಚೆ ಏನೇನು ಕೇಳಬೇಕು?

ಯಲಹಂಕ_ಗಾಳ:

ಎಲ್ಲರಿಗೂ ನಮಸ್ಕಾರ. ಜೂನ್ ಕೊನೆಯಲ್ಲಿ ಅಮ್ಮನನ್ನು ಕರೆದುಕೊಂಡು ಅಣ್ಣನ ಮನೆಗೆ ಹೋಗುತ್ತಿದ್ದೇನೆ. ವರ್ಜೀನಿಯಾದ ಆಶ್‌ಬರ್ನ್. ಅಲ್ಲಿಂದ ಮೂರು ಗಂಟೆ ಕಾರಲ್ಲಿ ಹೋದರೆ ಚೆಸಪೀಕ್ ಕೊಲ್ಲಿ ಸಿಗುತ್ತದೆ, ಆ ಹೊತ್ತಿಗೆ ಅಲ್ಲಿ ಕೋಬಿಯಾ ಅನ್ನುವ ದೊಡ್ಡ ಸಮುದ್ರ ಮೀನಿನ ಸೀಸನ್ ಅಂತೆ. ಅದರ ವಿಡಿಯೋ ನೋಡಿ ನೋಡಿ ತಲೆ ಕೆಟ್ಟಿದೆ. ಒಂದು ದಿನವಾದರೂ ಚಾರ್ಟರ್‌ನಲ್ಲಿ, ಅಂದರೆ ಗೈಡ್ ಇರುವ ಬಾಡಿಗೆ ಬೋಟ್‌ನಲ್ಲಿ ಹೋಗಲೇಬೇಕು ಅಂತ ಕೂತಿದ್ದೇನೆ.

ನನ್ನ ಅನುಭವ ಎಲ್ಲಾ ಸಿಹಿನೀರಿನದು. ಬೆಂಗಳೂರಿನ ಸುತ್ತಮುತ್ತ ದುಡ್ಡು ಕೊಟ್ಟು ಗಾಳ ಹಾಕುವ ಹೊಂಡಗಳಲ್ಲಿ ರೋಹು, ಕಾಟ್ಲಾ, ಅಷ್ಟೇ. ಸಮುದ್ರದಲ್ಲಿ ದೊಡ್ಡ ಮೀನು ಎಳೆದು ಗೊತ್ತಿಲ್ಲ. ನನ್ನ ಅನುಮಾನಗಳು ಇವು. ಇಲ್ಲಿಂದ ರಾಡ್, ರೀಲ್ ಹೊತ್ತುಕೊಂಡು ಹೋಗಬೇಕಾ? ಟೂರಿಸ್ಟ್ ವೀಸಾದಲ್ಲಿ ಹೋದವನಿಗೆ ಲೈಸೆನ್ಸ್ ಯಾರು ಕೊಡುತ್ತಾರೆ? ವೆಬ್‌ಸೈಟ್‌ಗಳಲ್ಲಿ ಹಾಕಿರುವ ರೇಟ್ ತಲೆಗಾ, ಇಡೀ ಬೋಟ್‌ಗಾ? ಬಸ್ಸಲ್ಲಿ ಚಾರ್ಮಾಡಿ ಘಾಟಿ ಇಳಿಯುವಾಗಲೇ ನನಗೆ ವಾಂತಿ ಬರುತ್ತದೆ, ಸಮುದ್ರದ ಮೇಲೆ ಎಂಟು ಗಂಟೆ ಏನು ಗತಿ? ಹೋಗಿ ಬಂದವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ. ಸುಮ್ನೆ ಗೂಗಲ್ ಮಾಡಿ ಹೇಳುವುದು ಬೇಡ, ಅದನ್ನು ನಾನೇ ಮಾಡಿದ್ದೇನೆ.

ನಾರ್ಫೋಕ್_ರಿಟರ್ನ್:

ಆ ಕಡೆ ಕೆಲವು ವರ್ಷ ಇದ್ದೆ, ಈಗ ಎಚ್ಎಸ್ಆರ್‌ನಲ್ಲಿದ್ದೇನೆ. ಗೊತ್ತಿರುವಷ್ಟು ಹೇಳುತ್ತೇನೆ.

ರೇಟ್ ಇಡೀ ಬೋಟ್‌ಗೆ. ಇಡೀ ದಿನಕ್ಕೆ ಸಾವಿರ ಡಾಲರ್ ದಾಟುವುದು ಮಾಮೂಲು. ಚಿಕ್ಕ ಚಾರ್ಟರ್‌ಗಳಲ್ಲಿ ಕ್ಯಾಪ್ಟನ್‌ಗೆ ಇರುವ ಲೈಸೆನ್ಸ್ ಪ್ರಕಾರ 6 ಜನಕ್ಕಿಂತ ಜಾಸ್ತಿ ಪ್ಯಾಸೆಂಜರ್ ಹತ್ತಿಸುವ ಹಾಗಿಲ್ಲ. ಆದರೆ ಕೋಬಿಯಾಗೆ ಹೋಗುವಾಗ 6 ಜನ ಅಂದರೆ ನೂಕುನುಗ್ಗಲು. ನಾಲ್ಕು ಜನ ಸೇರಿ ಹಂಚಿಕೊಳ್ಳಿ, ಹಗುರವಾಗುತ್ತದೆ. ಕೆಲಸಕ್ಕೆ ಇರುವ ಹುಡುಗನಿಗೆ 15ರಿಂದ 20 ಪರ್ಸೆಂಟ್ ಟಿಪ್ಸ್ ಕೊಡುವುದು ಅಲ್ಲಿಯ ಪದ್ಧತಿ, ಅದನ್ನು ಮೊದಲೇ ಲೆಕ್ಕಕ್ಕೆ ಸೇರಿಸಿಕೊಳ್ಳಿ. ಆಮೇಲೆ ಮುಖ ಸಪ್ಪಗೆ ಮಾಡಿಕೊಂಡು ಜೇಬು ತಡಕುವುದು ಬೇಡ.

ರಾಡ್ ಒಯ್ಯಬೇಡಿ. ಎಲ್ಲಾ ಅವರೇ ಕೊಡುತ್ತಾರೆ. ನಿಮ್ಮ ಕಾಟ್ಲಾ ರೀಲ್ ಅಲ್ಲಿ ಮೊದಲ ಓಟಕ್ಕೇ ಕೈ ಎತ್ತಿಬಿಡುತ್ತದೆ. ಲೈಸೆನ್ಸ್ ಬಗ್ಗೆಯೂ ಚಿಂತೆ ಬೇಡ, ಚಾರ್ಟರ್ ಬೋಟ್‌ನ ಲೈಸೆನ್ಸ್‌ನಲ್ಲೇ ಹತ್ತಿದವರೆಲ್ಲರೂ ಬರುತ್ತಾರೆ, ವೀಸಾಗೂ ಅದಕ್ಕೂ ಸಂಬಂಧ ಇಲ್ಲ.

ಈಗ ಮುಖ್ಯ ವಿಷಯ. ಫೋನ್ ಮಾಡಿದಾಗ ಕೇಳಬೇಕಾದ ಮೊದಲ ಪ್ರಶ್ನೆ "ಎಷ್ಟು ಮೀನು ಸಿಗುತ್ತದೆ" ಅಂತ ಅಲ್ಲ. "ಹೇಗೆ ಹಿಡಿಸುತ್ತೀರಿ" ಅಂತ. ಅಲ್ಲಿ ಎರಡು ದಾರಿ ಇವೆ, ಎರಡಕ್ಕೂ ಅಜಗಜಾಂತರ. ಒಂದರಲ್ಲಿ ಲಂಗರು ಹಾಕಿ, ಮೀನು ಅರೆದು ನೀರಿಗೆ ಬಿಟ್ಟು, ಆ ವಾಸನೆಗೆ ಬರಲಿ ಅಂತ ಕಾಯುತ್ತಾರೆ. ಕೂತು ಮಾತಾಡಿಕೊಂಡು ಇರಬಹುದು, ಆದರೆ ಶಾರ್ಕ್, ತೊರಕೆ (ಚಪ್ಪಟೆ ರೇ ಮೀನು) ಎಲ್ಲಾ ಬಂದು ಗಾಳ ಕಚ್ಚುತ್ತವೆ. ಇನ್ನೊಂದರಲ್ಲಿ ಬೋಟ್ ಮೇಲೆ ಎತ್ತರದ ಅಟ್ಟಣಿಗೆ ಇರುತ್ತದೆ. ಕ್ಯಾಪ್ಟನ್ ಅಲ್ಲಿಂದ ನೀರನ್ನು ನೋಡುತ್ತಾ ನಿಧಾನವಾಗಿ ಬೋಟ್ ಓಡಿಸುತ್ತಾನೆ. ಕೋಬಿಯಾ ನೀರಿನ ಮೇಲ್ಪದರದಲ್ಲಿ ಕಂದು ಬಣ್ಣದ ನೆರಳಿನ ಹಾಗೆ ಹೋಗುತ್ತಿರುತ್ತದೆ. ಕಂಡ ತಕ್ಷಣ ಕೂಗುತ್ತಾನೆ, ನೀವು ಅದರ ಮೂತಿಗಿಂತ ಸ್ವಲ್ಪ ಮುಂದಕ್ಕೆ ಜಿಗ್ (ಭಾರದ ನಕಲಿ ಎರೆ) ಅಥವಾ ಜೀವಂತ ಹಾವುಮೀನು ಎಸೆಯಬೇಕು. ತಲೆ ಮೇಲೆ ಬಿದ್ದರೆ ಮುಳುಗಿ ಹೋಗುತ್ತದೆ. ಸರಿಯಾಗಿ ಬಿದ್ದರೂ ಒಮ್ಮೊಮ್ಮೆ ಮೂಸಿ ನೋಡಿ ತಿರುಗಿ ಹೋಗುತ್ತದೆ, ಆಗ ಆಗುವ ಸಂಕಟ ಹೇಳತೀರದು.

ಈ ಎರಡನೆಯದಕ್ಕೆ ಬಿಸಿಲು ಬೇಕು, ಗಾಳಿ ಕಮ್ಮಿ ಇರಬೇಕು. ಮೋಡ ಕವಿದರೆ ನೀರೊಳಗೆ ಏನೂ ಕಾಣಿಸುವುದಿಲ್ಲ. ಹಾಗಾಗಿ ಬೆಳಿಗ್ಗೆ ಐದಕ್ಕೇ ಹೊರಡೋಣ ಅಂತ ಹಟ ಮಾಡಬೇಡಿ, ಸೂರ್ಯ ನೆತ್ತಿಗೆ ಬರುವ ಹೊತ್ತೇ ಒಳ್ಳೆಯದು. ಪೋಲರೈಸ್ಡ್ ಕನ್ನಡಕ ಖಂಡಿತ ತೆಗೆದುಕೊಂಡು ಹೋಗಿ. ಅದು ಇಲ್ಲದಿದ್ದರೆ ಪಕ್ಕದವನು "ಅಗೋ ಅಗೋ" ಅಂತಿರುತ್ತಾನೆ, ನಿಮಗೆ ನೀರು ಮಾತ್ರ ಕಾಣುತ್ತದೆ.

ಇನ್ನು ಹವಾಮಾನ. ಕ್ಯಾಪ್ಟನ್ ತಾನೇ ಬೇಡ ಅಂದರೆ ಅಡ್ವಾನ್ಸ್ ವಾಪಸ್ಸಾ ಅಥವಾ ಬೇರೆ ದಿನ ಕೊಡುತ್ತಾನಾ? ನೀವು ರಜೆ ಮೇಲೆ ಹೋದವರು, ಬೇರೆ ದಿನ ಅಂದರೆ ನಿಮಗೆ ಪ್ರಯೋಜನ ಇಲ್ಲ. ಇದನ್ನು ಮೆಸೇಜ್‌ನಲ್ಲಿ ಬರೆಸಿಕೊಳ್ಳಿ.

ಮಲ್ಪೆ_ಕಡಲು:

ಮಾರಾಯ್ರೆ, ಸಾವಿರ ಡಾಲರ್ ಕೊಟ್ಟು ಒಂದು ಮೀನಾ? ನಮ್ಮ ಕಡೆ ಬಲೆಗೆ ಬಿದ್ದು ಬರುತ್ತದೆ. ಬೆಂಗಳೂರಲ್ಲೂ ಮಲಯಾಳಿಗಳ ಮೀನಂಗಡಿಯಲ್ಲಿ ಮೋತ ಅಂತ ಕೇಳಿ, ಇದ್ದ ದಿನ ಕೊಡುತ್ತಾರೆ. ತಮಿಳುನಾಡಿನ ಮಂಡಪಂನಲ್ಲಿ ಸಿಎಂಎಫ್ಆರ್ಐನವರು (ಕೇಂದ್ರದ ಸಮುದ್ರ ಮೀನು ಸಂಶೋಧನಾ ಸಂಸ್ಥೆ) 2010ರಲ್ಲೇ ಇದರ ಮರಿ ಮಾಡಿಸಿದ್ದಾರೆ, ಅದಾದ ಮೇಲೆ ಪಂಜರದಲ್ಲೂ ಸಾಕುತ್ತಾರೆ. ಬೇಗ ಬೆಳೆಯುವ ಮೀನು ಇದು, ಅದಕ್ಕೇ ಸಾಕುವವರಿಗೆ ಇಷ್ಟ.

ಆದರೆ ಗಾಳದಲ್ಲಿ ಎಳೆಯುವ ಮಜಾ ಬೇರೆ, ಒಪ್ಪುತ್ತೇನೆ. ನಮ್ಮ ಕಡೆ ಹೋಗೋಣ ಅಂದರೂ ನೀವು ಹೇಳುವ ಜೂನ್‌ನಲ್ಲಿ ಆಗುವುದಿಲ್ಲ ಬಿಡಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ನಿಷೇಧ, ಮಳೆಗಾಲದ ಕಡಲಿಗೆ ಇಳಿಯುವ ಧೈರ್ಯವೂ ಬೇಕಲ್ಲ.

ಒಂದು ಸಂಗತಿ ನೆನಪಿಡಿ. ಕೋಬಿಯಾ ಒಂಟಿಯಾಗಿ ನೀರಲ್ಲಿ ಸುಮ್ನೆ ಅಲೆಯುವುದು ಕಮ್ಮಿ, ಏನನ್ನಾದರೂ ಆತುಕೊಂಡು ಇರುತ್ತದೆ. ತೇಲುವ ಮರದ ದಿಮ್ಮಿ, ಬೋಯಾ (ದಾರಿ ಗುರುತಿಗೆ ತೇಲಿಬಿಡುವ ಬುಂಡೆ), ಮುಳುಗಿದ ಹಡಗು, ದೊಡ್ಡ ತೊರಕೆ, ಆಮೆ, ಹೀಗೆ. ತೊರಕೆ ನೆಲ ಕೆದಕಿದಾಗ ಏಳುವ ಏಡಿಯನ್ನು ಇದು ನುಂಗುತ್ತದೆ. ಶಾರ್ಕಿಗೆ ಅಂಟಿಕೊಂಡು ತಿರುಗುವ ಮೀನು ಗೊತ್ತಲ್ಲ, ಅದರ ಹತ್ತಿರದ ನೆಂಟ ಇದು, ಬುದ್ಧಿಯೂ ಅದೇ. ಹಾಗಾಗಿ ಬೋಟಿನವನು ಬೋಯಾ ಬೋಯಾ ಸುತ್ತಿಸಿದರೆ ಡೀಸೆಲ್ ಸುಡುತ್ತಿದ್ದಾನೆ ಅಂತ ಗೊಣಗಬೇಡಿ.

ಇನ್ನು ಇದು ಸುಲಭಕ್ಕೆ ಸೋಲುವ ಮೀನಲ್ಲ. ಬೋಟ್ ಹತ್ತಿರ ಸಾಧುವಿನ ಹಾಗೆ ಬಂದುಬಿಡುತ್ತದೆ. ಅಯ್ಯೋ ಇಷ್ಟೇನಾ ಅಂತ ಮೇಲೆ ಎತ್ತಿದಿರೋ, ಬೋಟ್ ಒಳಗೆ ಕುಣಿದು ಪೆಟ್ಟಿಗೆ, ರಾಡ್, ಕಾಲು ಯಾವುದನ್ನೂ ಬಿಡುವುದಿಲ್ಲ. ಬೆನ್ನ ಮೇಲೆ ಸಣ್ಣ ಸಣ್ಣ ಚೂಪು ಮುಳ್ಳುಗಳೂ ಇವೆ. ನೀರಲ್ಲೇ ಚೆನ್ನಾಗಿ ಸುಸ್ತು ಮಾಡಿಸಿ, ಆಮೇಲೆ ಕೊಕ್ಕೆ (ಗಾಳ ಅಲ್ಲ, ಉದ್ದ ಹಿಡಿಯ ಗ್ಯಾಫ್) ಹಾಕಿ ಎತ್ತಿ ಸೀದಾ ಐಸ್ ಪೆಟ್ಟಿಗೆಗೆ ಹಾಕಿ ಮುಚ್ಚಳದ ಮೇಲೆ ಕೂತುಬಿಡಿ.

ನಾರ್ಫೋಕ್_ರಿಟರ್ನ್:

@ಮಲ್ಪೆ_ಕಡಲು ಎಲ್ಲಾ ಸರಿ ಸಾರ್, ಕೊಕ್ಕೆ ಒಂದು ಬಿಟ್ಟು. ವರ್ಜೀನಿಯಾದಲ್ಲಿ ಕೋಬಿಯಾಗೆ ಕೊಕ್ಕೆ ಹಾಕುವುದು ಕಾನೂನಿಗೆ ವಿರುದ್ಧ. ದೊಡ್ಡ ಕೈಬಲೆಯಲ್ಲೇ ಎತ್ತಬೇಕು. ಅಳತೆಗೆ ಸಿಗದ ಮೀನಿಗೆ ಕೊಕ್ಕೆ ಚುಚ್ಚಿ ಆಮೇಲೆ ನೀರಿಗೆ ಬಿಟ್ಟರೆ ಅದು ಬದುಕುತ್ತದಾ? ಅಲ್ಲಿ ಕಾನೂನು ಹೇಳಿದ ಉದ್ದ ಇಲ್ಲದ ಮೀನನ್ನು ಬಿಡಲೇಬೇಕು. ಇಟ್ಟುಕೊಳ್ಳುವುದಕ್ಕೂ ತಲೆಗೆ ಇಷ್ಟು, ಬೋಟ್‌ಗೆ ಇಷ್ಟು ಅಂತ ಮಿತಿ ಇದೆ. ಇತ್ತೀಚಿನ ವರ್ಷಗಳಲ್ಲಿ ಸೀಸನ್ ಜೂನ್ 15ರಿಂದ ಸೆಪ್ಟೆಂಬರ್ 15. ಈ ನಿಯಮಗಳು ಆಗಾಗ ಬದಲಾಗುತ್ತವೆ, ಹೊರಡುವ ವಾರ ಕ್ಯಾಪ್ಟನ್ ಹತ್ತಿರ ಇನ್ನೊಮ್ಮೆ ಕೇಳಿ. ನಾಲ್ಕು ಜನ ಹೋಗಿ ನಾಲ್ಕು ದೊಡ್ಡ ಮೀನು ಮನೆಗೆ ತರುತ್ತೇವೆ ಅಂತ ಅತ್ತಿಗೆಗೆ ಮಾತು ಕೊಟ್ಟು ಹೋಗಬೇಡಿ.

ಕೆರೆದಂಡೆ_ಕಿಟ್ಟಿ:

ವಾಂತಿ ವಿಷಯಕ್ಕೆ ಯಾರೂ ಉತ್ತರ ಕೊಟ್ಟಿಲ್ಲ, ನಾನು ಕೊಡುತ್ತೇನೆ. ನಾನು ಅಂಡಮಾನ್‌ಗೆ ಹೋಗಿ ಗಾಳ ಹಾಕಿ ಬಂದವನು, ಘಾಟಿಯಲ್ಲಿ ನನ್ನ ಕಥೆಯೂ ನಿಮ್ಮದೇ. ಮಾತ್ರೆಯನ್ನು ಬೋಟ್ ಹತ್ತಿದ ಮೇಲೆ ನುಂಗಿದರೆ ದಂಡ. ಹಿಂದಿನ ರಾತ್ರಿಯೇ ಒಂದು, ಬೆಳಿಗ್ಗೆ ಹೊರಡುವ ಮುಂಚೆ ಒಂದು ಅಂತ ನನ್ನ ಡಾಕ್ಟರ್ ಹೇಳಿದ್ದರು. ಅವೊಮಿನ್ ನನಗೆ ಆಗುತ್ತದೆ, ಆದರೆ ನಿದ್ದೆ ಎಳೆಯುತ್ತದೆ. ನಿಮಗೆ ಬಿಪಿ ಗಿಪಿ ಇದ್ದರೆ ಡಾಕ್ಟರ್ ಹತ್ತಿರ ಕೇಳಿಯೇ ತೆಗೆದುಕೊಳ್ಳಿ. ಊರಲ್ಲಿ ಇರುವಾಗಲೇ ಒಂದು ರಜಾ ದಿನ ನುಂಗಿ ನೋಡಿ, ಎಷ್ಟು ತೂಕಡಿಕೆ ಬರುತ್ತದೆ ಅಂತ ಗೊತ್ತಾಗುತ್ತದೆ.

ಖಾಲಿ ಹೊಟ್ಟೆಯಲ್ಲಿ ಹೋಗಬೇಡಿ, ಎಣ್ಣೆ ತಿಂಡಿಯನ್ನೂ ತಿನ್ನಬೇಡಿ. ಎರಡು ಇಡ್ಲಿ ಸಾಕು, ಅಣ್ಣನ ಮನೆಯಲ್ಲಿ ಅದೇನೂ ಕಷ್ಟ ಅಲ್ಲ ಅಲ್ವಾ. ಬೋಟ್ ನಡುವಲ್ಲಿ, ಸ್ವಲ್ಪ ಹಿಂದಕ್ಕೆ ನಿಂತುಕೊಳ್ಳಿ, ಅಲ್ಲಿ ಕುಲುಕಾಟ ಕಮ್ಮಿ. ದೂರದ ದಡ ನೋಡಿ, ಫೋನ್ ನೋಡಬೇಡಿ. ಅಟ್ಟಣಿಗೆ ಹತ್ತು ಅಂತ ಕರೆದರೆ ಬೇಡ ಅನ್ನಿ, ಮೇಲೆ ಹೋದಷ್ಟೂ ತೂಗಾಟ ಜಾಸ್ತಿ. ಮತ್ತೆ ನೀವು ಹೋಗುವುದು ಕೊಲ್ಲಿಯ ಒಳಗೆ, ತೆರೆದ ಸಮುದ್ರದಷ್ಟು ಅಲೆ ಇರುವುದಿಲ್ಲ. ಮೀನು ಅರೆದು ಬಿಡುವ ಬೋಟ್ ಮಾತ್ರ ನಿಮಗೆ ಬೇಡವೇ ಬೇಡ. ನಿಂತ ಬೋಟ್, ಮೇಲೆ ಆ ವಾಸನೆ... ನನಗೆ ಬರೆಯುವಾಗಲೇ ಹೊಟ್ಟೆ ತೊಳಸುತ್ತಿದೆ.

ಅಂಡಮಾನ್‌ಗೆ ಯಾಕೆ ಹೋಗಬಾರದು ಅಂತ ಯಾರಾದರೂ ಕೇಳುವ ಮುಂಚೆ ನಾನೇ ಹೇಳುತ್ತೇನೆ. ಅಲ್ಲಿ ಜನ ದೊಡ್ಡ ಟ್ರೆವಲಿ ಮೀನು ಹಿಡಿಯಲು ಹೋಗುತ್ತಾರೆ. ಕೋಬಿಯಾ ಸಿಕ್ಕರೆ ಅದೃಷ್ಟ. ಅದೇ ಬೇಕು ಅಂದರೆ ಅದು ಗುಂಪಾಗಿ ಬರುವ ಜಾಗಕ್ಕೆ, ಬರುವ ತಿಂಗಳಲ್ಲಿ ಹೋಗುವುದೇ ಸರಿ.

ಮಲ್ಪೆ_ಕಡಲು:

ಕೊಕ್ಕೆ ನಿಷೇಧ ಅಂತ ಗೊತ್ತಿರಲಿಲ್ಲ, ಒಳ್ಳೆಯದೇ. ನಮ್ಮಲ್ಲೂ ಮರಿ ಮೀನು ಬಿಡುವ ಬುದ್ಧಿ ಬಂದರೆ ಬೇಕಿತ್ತು. @ಯಲಹಂಕ_ಗಾಳ ಒಂದು ಮೀನು ಸಿಕ್ಕಿದಾಗ ಹಿಂದೆಯೇ ಇನ್ನೊಂದು ಬರುವುದುಂಟು, ಎರಡನೆಯ ರಾಡ್ ರೆಡಿ ಇಟ್ಟುಕೊಳ್ಳಲು ಅಣ್ಣನಿಗೆ ಹೇಳಿ. ಮೊಬೈಲ್ ಹಿಡಿದು ವಿಡಿಯೋ ಮಾಡುತ್ತಾ ನಿಂತರೆ ಅದು ಹೋಗಿಬಿಡುತ್ತದೆ. ಸಿಕ್ಕರೆ ದಪ್ಪ ತುಂಡು ಮಾಡಿ ತವಾ ಫ್ರೈ ಮಾಡಿ. ಮುಳ್ಳು ಕಮ್ಮಿ, ಮಾಂಸ ಬಿಳಿ, ಗಟ್ಟಿ. ನಮ್ಮೂರಿನ ಅಂಜಲ್ ಮೀನಿಗಿಂತ ರುಚಿ ಅಂತ ನಾನು ಹೇಳುವುದಿಲ್ಲ, ಊರಿಗೆ ಹೋಗಬೇಕಲ್ಲ ನಾನು.

ಕೆರೆದಂಡೆ_ಕಿಟ್ಟಿ:

ವರ್ಲ್ಡ್ ರೆಕಾರ್ಡ್ 61.5 ಕೆಜಿ, 1985ರಲ್ಲಿ ಪಶ್ಚಿಮ ಆಸ್ಟ್ರೇಲಿಯಾದ ಶಾರ್ಕ್ ಬೇನಲ್ಲಿ ಹಿಡಿದದ್ದು. ಯಲಹಂಕದವರು ಮುರಿಯಲಿ, ನಾವೂ ಪೇಪರಲ್ಲಿ ನೋಡೋಣ.

ಯಲಹಂಕ_ಗಾಳ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಿಮ್ಮ ಮಾತು ಕೇಳಿ ಮೂವರು ಕ್ಯಾಪ್ಟನ್‌ಗಳಿಗೆ ಮೆಸೇಜ್ ಹಾಕಿದೆ. ಒಬ್ಬ ಉತ್ತರವನ್ನೇ ಕೊಡಲಿಲ್ಲ. ಇನ್ನೊಬ್ಬ "ಮೀನು ಗ್ಯಾರಂಟಿ" ಅಂದ, ಅಡ್ವಾನ್ಸ್ ವಾಪಸ್ ಬಗ್ಗೆ ಕೇಳಿದ ಮೇಲೆ ಅವನೂ ಸುಮ್ಮನಾದ. ಮೂರನೆಯವನು ಕೊಲ್ಲಿ ದಡದ ಹ್ಯಾಂಪ್ಟನ್ ಊರಿನ ಕಡೆಯವನು, ಅಟ್ಟಣಿಗೆ ಬೋಟ್. "ಬಿಸಿಲಿದ್ದರೆ ಒಳ್ಳೆ ಚಾನ್ಸ್ ಇದೆ, ಮೋಡ ಇದ್ದರೆ ಹಿಂದಿನ ಸಂಜೆಯೇ ಹೇಳುತ್ತೇನೆ, ನಾನು ಬೇಡ ಅಂದರೆ ಪೂರ್ತಿ ದುಡ್ಡು ವಾಪಸ್" ಅಂತ ಬರೆದು ಕಳಿಸಿದ. ಅವನನ್ನೇ ಹಿಡಿದುಕೊಂಡೆ. ಕಪ್ಪು ಅಡಿ ಇರುವ ಶೂ ಬೇಡ, ಬೋಟ್ ಮೇಲೆ ಗುರುತು ಬೀಳುತ್ತದೆ ಅಂತ ಹೇಳಿದ್ದಾನೆ. ಬಾಳೆಹಣ್ಣು ತರಬೇಡಿ, ಅಪಶಕುನ ಅಂತಲೂ ಹೇಳಿದ್ದಾನೆ! ಅಮ್ಮನಿಗೆ ಇದನ್ನು ಹೇಳಿದರೆ ಬೈಯುತ್ತಾರೆ, ಬಾಳೆಹಣ್ಣು ಇಲ್ಲದೆ ಅವರು ಯಾವ ಪ್ರಯಾಣವನ್ನೂ ಶುರು ಮಾಡುವುದಿಲ್ಲ.

ನಾರ್ಫೋಕ್_ರಿಟರ್ನ್:

ಬಾಳೆಹಣ್ಣಿನ ವಿಷಯದಲ್ಲಿ ಅವರು ತಮಾಷೆ ಮಾಡುವುದಿಲ್ಲ, ಕಾರಲ್ಲೇ ಬಿಟ್ಟು ಹೋಗಿ. ಹಿಂದಿನ ರಾತ್ರಿಯೇ ಹೋಗಿ ಅಲ್ಲಿ ಉಳಿದುಕೊಳ್ಳಿ. ಹ್ಯಾಂಪ್ಟನ್ ಸುತ್ತಮುತ್ತಲ ಸುರಂಗದ ರಸ್ತೆ ಜಾಮ್ ಆದರೆ ನಮ್ಮ ಸಿಲ್ಕ್ ಬೋರ್ಡ್ ವಾಸಿ ಅನ್ನಿಸುತ್ತದೆ. ಬೋಟಿನವನು ಕಾಯುವುದಿಲ್ಲ, ಕಾದರೂ ನಿಮ್ಮ ಗಂಟೆಯೇ ಹೋಗುವುದು.

ಯಲಹಂಕ_ಗಾಳ:

ಸರಿ, ಮೋಟೆಲ್ ಬುಕ್ ಮಾಡುತ್ತೇನೆ. ಈಗ ನಾನು, ಅಣ್ಣ ಇಬ್ಬರೇ ಇದ್ದೇವೆ. ಜೂನ್ ಕೊನೆಯ ವಾರ ಆ ಕಡೆ ಇರುವ ಕನ್ನಡದವರು ಯಾರಾದರೂ ಬರುವುದಾದರೆ ಇನ್ನೂ ಇಬ್ಬರಿಗೆ ಜಾಗ ಇದೆ, ಖರ್ಚು ಸಮ ಸಮ. ಇನ್‌ಬಾಕ್ಸ್‌ಗೆ ಬನ್ನಿ.