ಹಾಸನದಲ್ಲಿ ಕುಳಿತು ಅಂತರರಾಷ್ಟ್ರೀಯ ಅಪರಾಧ ಕಾನೂನು ಓದಬಹುದೇ?

ಪ್ರಶ್ನೆ: ಬೇಲೂರು ಕಡೆಯ ವಿದ್ಯಾರ್ಥಿನಿ

ಎಲ್ಲರಿಗೂ ನಮಸ್ಕಾರ. ನಾನು ಹಾಸನದಲ್ಲಿ ಐದು ವರ್ಷದ ಬಿ.ಎ., ಎಲ್‌ಎಲ್.ಬಿ. ಓದುತ್ತಿರುವ ಮೂರನೇ ವರ್ಷದ ವಿದ್ಯಾರ್ಥಿನಿ. ಊರು ಬೇಲೂರಿನ ಪಕ್ಕದ ಹಳ್ಳಿ. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ದೇವಾಲಯಗಳು ಯುನೆಸ್ಕೋದ ವಿಶ್ವ ಪರಂಪರೆ ಪಟ್ಟಿಗೆ ಸೇರಿದಾಗ, ಅದರಿಂದ ಕಾನೂನಿನಲ್ಲಿ ಯಾವ ರಕ್ಷಣೆ ಸಿಗುತ್ತದೆ ಎಂದು ಹುಡುಕುತ್ತಾ ಹೋದವಳಿಗೆ ಮಾಲಿ ದೇಶದ ಟಿಂಬಕ್ಟು ಪ್ರಕರಣ ಎದುರಾಯಿತು. 2012ರಲ್ಲಿ ಅಲ್ಲಿನ ಸಂತರ ಗೋರಿಗಳನ್ನು ಹಾರೆ ಗುದ್ದಲಿಗಳಿಂದ ಕೆಡವುವ ಕೆಲಸದ ಮೇಲುಸ್ತುವಾರಿ ನೋಡಿಕೊಂಡ ಅಹ್ಮದ್ ಅಲ್ ಫಕಿ ಅಲ್ ಮಹ್ದಿ ಎಂಬಾತ ತಪ್ಪೊಪ್ಪಿಕೊಂಡ ಮೇಲೆ, ಹೇಗ್ ನಗರದ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯ 2016ರಲ್ಲಿ ಅವನಿಗೆ ಒಂಬತ್ತು ವರ್ಷ ಸೆರೆವಾಸ ವಿಧಿಸಿತು. ನಮ್ಮ 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಯಲ್ಲಿ ಸಂರಕ್ಷಿತ ಸ್ಮಾರಕವನ್ನು ಕೆಡವಿದವನಿಗೆ ಇರುವ ಗರಿಷ್ಠ ಸಜೆ ಎರಡು ವರ್ಷ. ಈ ಅಂತರ ಏಕೆ ಎಂಬ ಪ್ರಶ್ನೆಯೇ ನನ್ನನ್ನು ಈ ವಿಷಯಕ್ಕೆ ಎಳೆದು ತಂದಿತು.

ನಮ್ಮ ತರಗತಿಯಲ್ಲಿ ಸಾರ್ವಜನಿಕ ಅಂತರರಾಷ್ಟ್ರೀಯ ಕಾನೂನು ಪತ್ರಿಕೆಯ ಕೊನೆಗೆ ಒಂದೆರಡು ಗಂಟೆಯಲ್ಲಿ ಇದು ಮುಗಿದುಹೋಗುತ್ತದೆ. ಇದರಲ್ಲಿ ಆಸಕ್ತಿಯಿದೆ ಎಂದು ಹೇಳಿದಾಗ, "ಮೊದಲು ಒಂದು ಜಾಮೀನು ಅರ್ಜಿ ಬರೆಯುವುದನ್ನು ಕಲಿ, ಹೇಗ್ ಆಮೇಲೆ ನೋಡೋಣ" ಎಂಬ ಉತ್ತರ ಬಂತು. ಎಲ್ಲರೂ ನಕ್ಕರು, ನಾನೂ ನಕ್ಕೆ. ಭಾರತ ಆ ನ್ಯಾಯಾಲಯದ ಸದಸ್ಯ ರಾಷ್ಟ್ರವೇ ಅಲ್ಲದಿರುವಾಗ ಪದವಿಯ ಹಂತದಲ್ಲಿ ಇದಕ್ಕೆ ಸಮಯ ಕೊಡುವುದರಲ್ಲಿ ಅರ್ಥವಿದೆಯೇ? ಪಿಯುಸಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು ನೂರಾರು ಪುಟದ ಇಂಗ್ಲಿಷ್ ತೀರ್ಪುಗಳನ್ನು ಎಲ್ಲಿಂದ ಶುರುಮಾಡಬೇಕು?

ಉತ್ತರ 1: ಹಾಸನದ ಕ್ರಿಮಿನಲ್ ವಕೀಲ

ಜಾಮೀನು ಅರ್ಜಿಯ ಮಾತನ್ನು ನಿಮಗೆ ಹೇಳಿದ ರೀತಿ ತಪ್ಪು, ಮಾತು ಮಾತ್ರ ಪೂರ್ತಿ ತಪ್ಪಲ್ಲ. ಆ ನ್ಯಾಯಾಲಯದಲ್ಲಿ ಆರೋಪಿಯ ಪರ ವಾದಿಸುವ ವಕೀಲನಿಗೆ ಏನೇನು ಅರ್ಹತೆ ಇರಬೇಕೆಂದು ಅದರ ಕಾರ್ಯವಿಧಾನ ನಿಯಮ 22 ಹೇಳುತ್ತದೆ: ಅಂತರರಾಷ್ಟ್ರೀಯ ಕಾನೂನಿನಲ್ಲಿ ಅಥವಾ ಅಪರಾಧ ಕಾನೂನಿನಲ್ಲಿ ಪರಿಣತಿ, ಜೊತೆಗೆ ಕ್ರಿಮಿನಲ್ ಮೊಕದ್ದಮೆಗಳಲ್ಲಿ ನಡೆಸಿದ ಕೆಲಸದ ಅನುಭವ. ವಿಚಾರಣೆ ನಡೆಸಿ ಗೊತ್ತಿಲ್ಲದವನಿಗೆ ಹೇಗ್‌ನಲ್ಲೂ ಕೆಲಸವಿಲ್ಲ.

ಒಂದು ಸಂಗತಿ ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ಆಲೂರು ಕಡೆಯ ಕೊಲೆಯತ್ನದ ಪ್ರಕರಣವೊಂದರಲ್ಲಿ ವಯಸ್ಸಾದ ಹೆಂಗಸೊಬ್ಬರು ಸಾಕ್ಷಿಕಟ್ಟೆಗೆ ಬಂದಿದ್ದರು. ಎಷ್ಟು ದೂರದಿಂದ ನೋಡಿದಿರಿ ಎಂದರೆ "ಒಂದು ಕೂಗಳತೆ ಸ್ವಾಮಿ" ಎಂದರು. ಎಷ್ಟು ಹೊತ್ತಿಗೆ ಎಂದರೆ "ದನ ಕೊಟ್ಟಿಗೆಗೆ ಬರೋ ಹೊತ್ತು" ಎಂದರು. ಟೈಪಿಸ್ಟ್ ಬೆರಳೆತ್ತಿ ಕಾಯುತ್ತಿದ್ದರು. ಕಡೆಗೆ ದಾಖಲೆಯಲ್ಲಿ ಬಂದದ್ದು ಸುಮಾರು ನೂರು ಮೀಟರ್, ಸುಮಾರು ಸಂಜೆ ಆರು ಗಂಟೆ. ಪೊಲೀಸ್ ಹೇಳಿಕೆಯಲ್ಲಿ ನಲವತ್ತು ಮೀಟರ್ ಎಂದಿತ್ತು. ಆ ವ್ಯತ್ಯಾಸವನ್ನೇ ಹಿಡಿದು ಪಾಟೀಸವಾಲಿನಲ್ಲಿ ಆಕೆಯನ್ನು ಸುಳ್ಳುಗಾತಿಯಂತೆ ನಿಲ್ಲಿಸಿದವನು ನಾನೇ. ಆಕೆ ಎರಡು ಸಲವೂ ಹೇಳಿದ್ದು ಕೂಗಳತೆ ಎಂದೇ ಇರಬೇಕು, ಅದನ್ನು ಮೀಟರಿಗೆ ಇಳಿಸಿದವರು ಬೇರೆ ಬೇರೆ, ಅಷ್ಟೇ.

ರುವಾಂಡಾದ ನರಮೇಧದ ವಿಚಾರಣೆಗೆ ವಿಶ್ವಸಂಸ್ಥೆ 1994ರಲ್ಲಿ ರಚಿಸಿದ ನ್ಯಾಯಮಂಡಳಿಯ ಅಕಾಯೆಸು ತೀರ್ಪನ್ನು ಓದಿದಾಗ ನನಗೆ ಆ ಹೆಂಗಸೇ ನೆನಪಾದದ್ದು. 1998ರ ಸೆಪ್ಟೆಂಬರ್ 2ರಂದು ಬಂದ ಆ ತೀರ್ಪು, ಅಂತರರಾಷ್ಟ್ರೀಯ ನ್ಯಾಯಾಲಯವೊಂದು ವಿಚಾರಣೆ ನಡೆಸಿ ನರಮೇಧಕ್ಕೆ ಶಿಕ್ಷೆ ಕೊಟ್ಟ ಮೊದಲ ತೀರ್ಪು ಎಂದು ಎಲ್ಲರೂ ಹೇಳುತ್ತಾರೆ. ಆದರೆ ಹಳ್ಳಿಯ ಸಾಕ್ಷಿಗಳು ದಿನಾಂಕ, ಗಂಟೆ, ದೂರಗಳನ್ನು ಖಚಿತವಾಗಿ ಹೇಳಲು ಏಕೆ ತಡವರಿಸಿದರು, ನಕ್ಷೆ ತೋರಿಸಿದರೆ ಏಕೆ ಗಲಿಬಿಲಿಗೊಂಡರು, ಕಿನ್ಯಾರುವಾಂಡಾ ಭಾಷೆಯ ಮಾತು ಮೊದಲು ಫ್ರೆಂಚಿಗೆ, ಅಲ್ಲಿಂದ ಇಂಗ್ಲಿಷಿಗೆ ದಾಟುವಾಗ ಏನೇನು ಸೋರಿಹೋಗುತ್ತದೆ ಎಂಬುದನ್ನು ನ್ಯಾಯಾಧೀಶರು ಅದರಲ್ಲಿ ಬಿಡಿಸಿ ಬರೆದಿದ್ದಾರೆ. ಇಂಥ ತೊಡಕುಗಳನ್ನೇ ಸುಳ್ಳಿನ ಗುರುತೆಂದು ಅವರು ಎಣಿಸಲಿಲ್ಲ. ಆ ಭಾಗವನ್ನು ಓದಿದ ಮೇಲೆ ನನ್ನ ಪಾಟೀಸವಾಲಿನ ರೀತಿ ಸ್ವಲ್ಪ ಬದಲಾಯಿತು ಎಂದರೆ ಉತ್ಪ್ರೇಕ್ಷೆಯಲ್ಲ.

ಕಲಂಗಳನ್ನೂ ಹೀಗೆಯೇ ಜೋಡಿಸಿ ಓದಿ. ಸಮಾನ ಉದ್ದೇಶದ ತತ್ವ ನಮ್ಮಲ್ಲಿ ಹಳೆಯ ದಂಡಸಂಹಿತೆಯ (ಐಪಿಸಿ) 34ನೇ ಕಲಂ, ಈಗ ಅದರ ಜಾಗಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆಯ 3(5). ಅಕ್ರಮ ಕೂಟದ ಹೊಣೆ ಹಳೆಯ 149, ಈಗ 190. ಗುಂಪಿನಲ್ಲಿ ನಿಂತವನ ತಲೆಗೆ ಗುಂಪಿನ ಅಪರಾಧವನ್ನು ಎಷ್ಟರಮಟ್ಟಿಗೆ ಕಟ್ಟಬಹುದು ಎಂಬ ಇದೇ ಜಿಜ್ಞಾಸೆಯನ್ನು ಹಿಂದಿನ ಯುಗೊಸ್ಲಾವಿಯಾದ ಯುದ್ಧಾಪರಾಧಗಳ ವಿಚಾರಣೆಗೆ ವಿಶ್ವಸಂಸ್ಥೆ ರಚಿಸಿದ ನ್ಯಾಯಮಂಡಳಿ, ಟಾಡಿಚ್ ಎಂಬ ಆರೋಪಿಯ 1999ರ ಮೇಲ್ಮನವಿಯಲ್ಲಿ ನಡೆಸಿತು. 149 ಚೆನ್ನಾಗಿ ಬಲ್ಲವರಿಗೆ ಅದು ಹೊಸ ಲೋಕವೇನಲ್ಲ.

ಉತ್ತರ 2: ಚಿಕ್ಕಮಗಳೂರಿನ ಕಾನೂನು ಅಧ್ಯಾಪಕಿ

ಮೊದಲು ಆ ಒಂಬತ್ತು ವರ್ಷ ಮತ್ತು ಎರಡು ವರ್ಷದ ವಿಚಾರ. ಹೋಲಿಕೆ ಆಕರ್ಷಕವಾಗಿದೆ, ಆದರೆ ಸರಿಯಲ್ಲ. ಆ ನ್ಯಾಯಾಲಯವನ್ನು ಸ್ಥಾಪಿಸಿದ ಒಪ್ಪಂದವಾದ ರೋಮ್ ಶಾಸನದಲ್ಲಿ ಯುದ್ಧಾಪರಾಧಗಳನ್ನು ಹೇಳುವ 8ನೇ ವಿಧಿ ಅನ್ವಯಿಸಬೇಕಾದರೆ ಸಶಸ್ತ್ರ ಸಂಘರ್ಷ ನಡೆಯುತ್ತಿರಬೇಕು, ಕೃತ್ಯಕ್ಕೂ ಅದಕ್ಕೂ ಸಂಬಂಧವಿರಬೇಕು. ಬೇಲೂರಿನ ಮದನಿಕೆಯೊಂದನ್ನು ಯಾರೋ ಕಿಡಿಗೇಡಿ ಮುರಿದರೆ ಅದು ಯುದ್ಧಾಪರಾಧವಾಗುವುದಿಲ್ಲ, ಪಟ್ಟಿಯಲ್ಲಿದ್ದರೂ ಆಗುವುದಿಲ್ಲ. ಟಿಂಬಕ್ಟುವಿನಲ್ಲಿ ದಾಳಿಗೀಡಾದ ಹತ್ತು ಕಟ್ಟಡಗಳಲ್ಲಿ ಒಂಬತ್ತು ವಿಶ್ವ ಪರಂಪರೆಯ ಪಟ್ಟಿಯಲ್ಲಿದ್ದವು. ಆ ಅಂಶವನ್ನು ನ್ಯಾಯಾಲಯ ಅಪರಾಧದ ಗಾಂಭೀರ್ಯವನ್ನು ತೂಗುವಾಗ ಪರಿಗಣಿಸಿತು.

ಭಾರತದ ಪ್ರಶ್ನೆಗೆ ಬರೋಣ. 1998ರ ಜುಲೈ 17ರಂದು ರೋಮ್‌ನಲ್ಲಿ ಶಾಸನದ ಪರ 120, ವಿರುದ್ಧ 7 ಮತಗಳು ಬಿದ್ದವು, 21 ರಾಷ್ಟ್ರಗಳು ತಟಸ್ಥವಾಗಿ ಉಳಿದವು. ಆ ತಟಸ್ಥರಲ್ಲಿ ಭಾರತವೂ ಒಂದು. ಪ್ರಕರಣಗಳನ್ನು ಒಪ್ಪಿಸುವ, ತಡೆಹಿಡಿಯುವ ಅಧಿಕಾರ ಭದ್ರತಾ ಮಂಡಳಿಗೆ ಸಿಕ್ಕಿದ್ದು, ಅಣ್ವಸ್ತ್ರ ಬಳಕೆ ಮತ್ತು ಭಯೋತ್ಪಾದನೆಗಳು ಅಪರಾಧಗಳ ಪಟ್ಟಿಗೆ ಸೇರದೇ ಹೋದದ್ದು ನಮ್ಮ ಮುಖ್ಯ ಆಕ್ಷೇಪಗಳಾಗಿದ್ದವು. ಸದಸ್ಯರಲ್ಲದ ಕಾರಣ ಭಾರತೀಯ ಪ್ರಜೆ ಅಲ್ಲಿನ ಹದಿನೆಂಟು ನ್ಯಾಯಾಧೀಶರಲ್ಲಿ ಒಬ್ಬರಾಗಲು ಇಂದು ಸಾಧ್ಯವಿಲ್ಲ; ಉದ್ಯೋಗಗಳಲ್ಲೂ ಸದಸ್ಯ ರಾಷ್ಟ್ರದವರಿಗೆ ಆದ್ಯತೆ. ಇದನ್ನು ಮುಚ್ಚಿಟ್ಟು ನಿಮ್ಮನ್ನು ಹುರಿದುಂಬಿಸುವುದು ತರವಲ್ಲ. ಆದರೆ ನಮ್ಮ ನೆರೆಯ ಬಾಂಗ್ಲಾದೇಶ ಸದಸ್ಯ ರಾಷ್ಟ್ರ, ಮ್ಯಾನ್ಮಾರ್ ಅಲ್ಲ. ರೋಹಿಂಗ್ಯಾಗಳನ್ನು ಗಡಿ ದಾಟಿಸಿ ಓಡಿಸಿದ ಕೃತ್ಯದ ಒಂದು ಭಾಗ ಬಾಂಗ್ಲಾದ ನೆಲದಲ್ಲಿ ನಡೆದಿದೆ ಎಂಬ ತರ್ಕದ ಮೇಲೆ 2019ರ ನವೆಂಬರ್‌ನಲ್ಲಿ ತನಿಖೆಗೆ ಅನುಮತಿ ಸಿಕ್ಕಿತು. ಸದಸ್ಯತ್ವವಿಲ್ಲ ಎಂದರೆ ಸಂಬಂಧವೇ ಇಲ್ಲ ಎಂದಲ್ಲ.

ಮನೆಯೊಳಗಿನ ಕಾರಣ ಇನ್ನೂ ದೊಡ್ಡದು. ಭಾರತ ನರಮೇಧ ತಡೆ ಒಪ್ಪಂದವನ್ನು 1959ರಲ್ಲೇ ಅನುಮೋದಿಸಿತು, ಆದರೆ ಆ ಅಪರಾಧವನ್ನು ನಮ್ಮ ದಂಡಸಂಹಿತೆಗೆ ತರಲಿಲ್ಲ. 1984ರ ಸಿಖ್ ವಿರೋಧಿ ಹಿಂಸಾಚಾರದ ಸಜ್ಜನ್ ಕುಮಾರ್ ಪ್ರಕರಣದಲ್ಲಿ ದೆಹಲಿ ಹೈಕೋರ್ಟ್ 2018ರ ಡಿಸೆಂಬರ್‌ನಲ್ಲಿ, ನರಮೇಧವಾಗಲಿ ಮಾನವತೆಯ ವಿರುದ್ಧದ ಅಪರಾಧಗಳಾಗಲಿ ನಮ್ಮ ದೇಶೀಯ ಕಾನೂನಿನಲ್ಲಿ ಇಲ್ಲ, ಈ ಲೋಪ ತುರ್ತಾಗಿ ಸರಿಯಾಗಬೇಕು ಎಂದು ಬರೆಯಿತು. 2024ರ ಜುಲೈ 1ರಂದು ಜಾರಿಗೆ ಬಂದ ನ್ಯಾಯ ಸಂಹಿತೆಯಲ್ಲೂ ಅವು ಬರಲಿಲ್ಲ. (ರೋಮ್ ಶಾಸನ ಜಾರಿಗೆ ಬಂದದ್ದೂ ಜುಲೈ 1ರಂದೇ, 2002ರಲ್ಲಿ. ಪರೀಕ್ಷೆಗೆ ನೆನಪಿಟ್ಟುಕೊಳ್ಳಲು ಅನುಕೂಲ.) ಪ್ರಬಂಧ ಬರೆಯುವ ಮನಸ್ಸಿದ್ದರೆ ಈ ಲೋಪಕ್ಕಿಂತ ಒಳ್ಳೆಯ ವಿಷಯ ನನಗೆ ಕಾಣುವುದಿಲ್ಲ.

ಓದುವ ಕ್ರಮದ ಬಗ್ಗೆ ಹೇಳುವುದಾದರೆ, ಪಠ್ಯಪುಸ್ತಕದಿಂದ ಆರಂಭಿಸಬೇಡಿ. ಶಾಸನದಲ್ಲಿ ಒಟ್ಟು 128 ವಿಧಿಗಳಿವೆ. 5ರಿಂದ 8, ಆಮೇಲೆ 17, 25, 28, 30 ಇಷ್ಟನ್ನು ಪೆನ್ಸಿಲ್ ಹಿಡಿದು ಓದಿ, ಪ್ರತಿ ವಿಧಿಯ ಸಾರವನ್ನು ನಿಮ್ಮದೇ ಕನ್ನಡದಲ್ಲಿ ಬರೆದುಕೊಳ್ಳಿ. ನಂತರ ಅಲ್ ಮಹ್ದಿ ತೀರ್ಪು. ತಪ್ಪೊಪ್ಪಿಗೆ ಇದ್ದುದರಿಂದ ಅದು ಚಿಕ್ಕದು, ಒಂದು ವಾರದಲ್ಲಿ ಮುಗಿಯುತ್ತದೆ. ಬಾಲಸೈನಿಕರಿಗೆ ಸಂಬಂಧಿಸಿದ 2012ರ ಲುಬಾಂಗ ತೀರ್ಪು ಆರುನೂರು ಪುಟಕ್ಕೆ ಸಮೀಪದ್ದು. ಅದಕ್ಕೆ ಈಗಲೇ ಕೈ ಹಾಕಿದರೆ ಉತ್ಸಾಹವೇ ಬತ್ತಿಹೋಗುತ್ತದೆ. ಎಲ್ಲವೂ ನ್ಯಾಯಾಲಯದ ಜಾಲತಾಣದಲ್ಲಿ ಉಚಿತ. ಎರಡನೇ ಮಹಾಯುದ್ಧದ ನಂತರ ಜಪಾನಿ ನಾಯಕರ ಮೇಲೆ ನಡೆದ ಟೋಕಿಯೊ ವಿಚಾರಣೆಯಲ್ಲಿ ಭಾರತೀಯ ನ್ಯಾಯಾಧೀಶ ರಾಧಾಬಿನೋದ್ ಪಾಲ್ ಬರೆದ ಭಿನ್ನಮತದ ತೀರ್ಪನ್ನೂ ಯಾವಾಗಲಾದರೂ ತೆರೆದು ನೋಡಿ. ಜಪಾನಿ ಸೇನೆಯ ಕ್ರೌರ್ಯ ನಡೆದೇ ಇಲ್ಲವೆಂದು ಅವರು ಹೇಳಿದರೆಂಬ ತಪ್ಪು ಕಲ್ಪನೆ ಇದೆ. ಅವರ ಮುಖ್ಯ ವಾದ, ಆಕ್ರಮಣ ಯುದ್ಧ ಆ ಕೃತ್ಯ ನಡೆದ ಕಾಲದಲ್ಲಿ ಕಾನೂನಿನ ದೃಷ್ಟಿಯಲ್ಲಿ ಅಪರಾಧವಾಗಿರಲಿಲ್ಲ ಎಂಬುದು.

ಉತ್ತರ 3: ಮೂಲತಃ ಸಕಲೇಶಪುರ, ಈಗ ಬೆಂಗಳೂರು

ಮೇಲಿನವರು ಹೇಳದ ಒಂದು ಮಾತು ಇದೆ, ಅದು ಹಣದ್ದು. ಶಿಕ್ಷಣ ಸಾಲ ಮಾಡಿ ಯುರೋಪಿನಲ್ಲಿ ಇದೇ ವಿಷಯದಲ್ಲಿ ಎಲ್‌ಎಲ್.ಎಂ. ಮಾಡಿ ಬಂದವನು ನಾನು. ಇಂಟರ್ನ್‌ಶಿಪ್‌ಗಳು ಬಹುತೇಕ ಸಂಬಳವಿಲ್ಲದವು, ಹುದ್ದೆಗಳು ಬೆರಳೆಣಿಕೆಯವು, ಅರ್ಜಿ ಹಾಕುವವರು ಜಗತ್ತಿನ ಎಲ್ಲೆಡೆಯವರು. ಇಂದು ನಾನು ಕಂಪನಿಗಳ ಕರಾರು ಪತ್ರ ತಿದ್ದುತ್ತಾ ಸಾಲ ತೀರಿಸುತ್ತಿದ್ದೇನೆ. ಆ ವರ್ಷಕ್ಕೆ ಪಶ್ಚಾತ್ತಾಪವಿಲ್ಲ, ಸಾಲದ ಮೊತ್ತಕ್ಕೆ ಇದೆ. ಆದ್ದರಿಂದ ಪದವಿಯಲ್ಲೇ, ಖರ್ಚಿಲ್ಲದೆ ಓದುವುದೇ ಬುದ್ಧಿವಂತಿಕೆ ಎನ್ನುತ್ತೇನೆ. ಸಾಧ್ಯವಾದರೆ ಇಬ್ಬರು ಸಹಪಾಠಿಗಳನ್ನು ಕಟ್ಟಿಕೊಂಡು ಹೆನ್ರಿ ಡ್ಯೂನಾಂಟ್ ಅಣಕು ನ್ಯಾಯಾಲಯ ಸ್ಪರ್ಧೆಗೆ ತಯಾರಿ ಮಾಡಿ, ಅದು ಯುದ್ಧಕಾನೂನಿನ ಸ್ಪರ್ಧೆ, ವಿದೇಶಕ್ಕೆ ಹೋಗಬೇಕಿಲ್ಲ. ಇನ್ನೊಂದು: ಆ ನ್ಯಾಯಾಲಯದ ಕಾರ್ಯಭಾಷೆಗಳು ಇಂಗ್ಲಿಷ್ ಮತ್ತು ಫ್ರೆಂಚ್. ಫ್ರೆಂಚ್ ಬಾರದೆ ನಾನು ಕಳೆದುಕೊಂಡ ಅವಕಾಶಗಳು ಒಂದೆರಡಲ್ಲ. ನಿಮಗೆ ಇನ್ನೂ ಎರಡು ವರ್ಷ ಇದೆ.

ಪ್ರಶ್ನೆ ಕೇಳಿದವರು

ಮೂವರಿಗೂ ಕೃತಜ್ಞತೆಗಳು. ಅಲ್ ಮಹ್ದಿ ತೀರ್ಪನ್ನು ಬೇಲೂರು ಬಸ್ಸಿನಲ್ಲಿ ಹೋಗಿ ಬರುವಾಗ ಓದುತ್ತಿದ್ದೇನೆ, ಅರ್ಧ ಆಗಿದೆ. ಒಂದು ಸಂದೇಹ ಉಳಿದಿದೆ: ಅವನೇ ತಪ್ಪೊಪ್ಪಿಕೊಂಡ ಮೇಲೂ ನ್ಯಾಯಾಧೀಶರು ಒಂದೊಂದು ಗೋರಿಯ ಬಗ್ಗೆಯೂ ಸಾಕ್ಷ್ಯವನ್ನು ಏಕೆ ವಿವರಿಸುತ್ತಾ ಹೋಗುತ್ತಾರೆ?

ಉತ್ತರ 1ರವರು

ರೋಮ್ ಶಾಸನದ 65ನೇ ವಿಧಿ ತೆರೆಯಿರಿ. ಆರೋಪಿಗೆ ತನ್ನ ಒಪ್ಪಿಗೆಯ ಪರಿಣಾಮ ಅರ್ಥವಾಗಿದೆಯೇ, ವಕೀಲರೊಡನೆ ಮಾತನಾಡಿ ಸ್ವಇಚ್ಛೆಯಿಂದ ಒಪ್ಪಿದ್ದಾನೆಯೇ ಎಂಬುದಷ್ಟೇ ಸಾಲದು; ಆ ಒಪ್ಪಿಗೆಯನ್ನು ಪ್ರಕರಣದ ಸಂಗತಿಗಳು ಬೆಂಬಲಿಸುತ್ತವೆ ಎಂದು ನ್ಯಾಯಾಲಯಕ್ಕೂ ಮನವರಿಕೆಯಾಗಬೇಕು. ಈಗ ನಮ್ಮ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 229ನೇ ಕಲಂ, ಅಂದರೆ ಈಗಿನ ನಾಗರಿಕ ಸುರಕ್ಷಾ ಸಂಹಿತೆಯ 252ನೇ ಕಲಂ ಪಕ್ಕದಲ್ಲಿಟ್ಟು ನೋಡಿ. ಸೆಷನ್ಸ್ ನ್ಯಾಯಾಧೀಶರು ತಪ್ಪೊಪ್ಪಿಗೆಯನ್ನು ದಾಖಲಿಸಿಕೊಳ್ಳಬೇಕು, ಅದರ ಮೇಲೆ ಶಿಕ್ಷೆಗೆ ಗುರಿಪಡಿಸುವುದು ಮಾತ್ರ ಅವರ ವಿವೇಚನೆಗೆ ಬಿಟ್ಟದ್ದು. ಆ ವಿವೇಚನೆಯನ್ನು ಹೇಗೆ ಬಳಸಬೇಕೆಂದು ಕಲಂ ಹೇಳುವುದಿಲ್ಲ, 65ನೇ ವಿಧಿ ಹೇಳುತ್ತದೆ. ನಿಮ್ಮ ಪ್ರಬಂಧಕ್ಕೆ ಇದೂ ಒಂದು ಅಧ್ಯಾಯವಾದೀತು. ಬಿಡುವಿದ್ದ ದಿನ ಬೆಳಿಗ್ಗೆ ಹನ್ನೊಂದಕ್ಕೆ ಜಿಲ್ಲಾ ನ್ಯಾಯಾಲಯಕ್ಕೆ ಬಂದು ಯಾವುದಾದರೂ ಸೆಷನ್ಸ್ ಹಾಲಿನ ಹಿಂದಿನ ಬೆಂಚಿನಲ್ಲಿ ಕುಳಿತುಕೊಳ್ಳಿ, ಯಾರ ಅನುಮತಿಯೂ ಬೇಕಿಲ್ಲ. ಸಾಕ್ಷಿ ಹೇಳಿದ ಮಾತನ್ನು ಒಂದು ಕಡೆ, ದಾಖಲಾದ ಮಾತನ್ನು ಇನ್ನೊಂದು ಕಡೆ ಬರೆದುಕೊಳ್ಳಿ.