ಮಿಲಾನಿನ ಸಂಜೆಗಳು: ಕುಡಿಯದ, ಇಟಾಲಿಯನ್ ಬಾರದ ಮಲೆನಾಡಿನವಳಿಗೆ ಅಲ್ಲಿ ಗೆಳೆತನ ಸಾಧ್ಯವೇ?

ತುಂಗೆಯ ದಡ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನನ್ನದು ತೀರ್ಥಹಳ್ಳಿಯ ಸಮೀಪದ ಒಂದು ಹಳ್ಳಿ. ಶಿವಮೊಗ್ಗದಲ್ಲಿ ಇಂಜಿನಿಯರಿಂಗ್ ಮುಗಿಸಿ, ಎರಡು ವರ್ಷ ಕೆಲಸ ಮಾಡಿ, ಬರುವ ಸೆಪ್ಟೆಂಬರಿನಲ್ಲಿ ಸ್ನಾತಕೋತ್ತರ ವ್ಯಾಸಂಗಕ್ಕಾಗಿ ಮಿಲಾನಿನ ಪಾಲಿಟೆಕ್ನಿಕ್ ವಿಶ್ವವಿದ್ಯಾಲಯಕ್ಕೆ ಹೊರಟಿದ್ದೇನೆ. ವೀಸಾ, ವಸತಿ, ಬ್ಯಾಂಕ್ ಖಾತೆಗಳ ಬಗ್ಗೆ ಕೇಳಬೇಕಾದವರನ್ನೆಲ್ಲ ಕೇಳಿಯಾಗಿದೆ. ಜಗುಲಿಯಲ್ಲಿ ಕುಳಿತು ಅಪ್ಪನೆದುರು ಕೇಳಲಾಗದ ಕೆಲವು ಸಂಗತಿಗಳಿರುತ್ತವಲ್ಲ, ಅವನ್ನು ಇಲ್ಲಿ ಕೇಳುತ್ತಿದ್ದೇನೆ.

ಅಲ್ಲಿಗೆ ಹೋಗಿಬಂದ ಸಹಪಾಠಿಯೊಬ್ಬಳ ಪ್ರಕಾರ ಮಿಲಾನಿನಲ್ಲಿ ಜನರ ಪರಿಚಯವಾಗುವುದು ಸಂಜೆಯ ನಂತರವೇ, ಮತ್ತು ಕೈಯಲ್ಲಿ ಗ್ಲಾಸು ಹಿಡಿಯದವರನ್ನು ಯಾರೂ ಮಾತನಾಡಿಸುವುದಿಲ್ಲ. ನಾನು ಕುಡಿಯುವುದಿಲ್ಲ, ಸಸ್ಯಾಹಾರಿ, ಅದಕ್ಕೂ ಮಿಗಿಲಾಗಿ ಕೊನೆಯ ಬಸ್ಸು ತಪ್ಪಿದರೆ ಆ ರಾತ್ರಿ ನೆಂಟರ ಮನೆಯೇ ಗತಿ ಎಂಬ ಲೆಕ್ಕದಲ್ಲಿ ಬೆಳೆದವಳು. ಡಿಸ್ಕೋಗಳಿಗೆ ಹೋಗದೆಯೂ ಅಲ್ಲಿನವರ ಗೆಳೆತನ ಸಾಧ್ಯವೇ? ಫ್ಯಾಷನ್ನಿನ ರಾಜಧಾನಿ ಎನ್ನುತ್ತಾರೆ, ಹಾಗಾದರೆ ನನ್ನ ಬಟ್ಟೆಬರೆಗಳನ್ನೆಲ್ಲ ಬದಲಿಸಬೇಕೇ? ಇನ್ನೊಂದನ್ನು ಸಂಕೋಚ ಬಿಟ್ಟು ಕೇಳುತ್ತೇನೆ: ಯಾರಾದರೂ ಕಾಫಿಗೆ ಕರೆದರೆ ಅದು ಬರೀ ಕಾಫಿಯೋ, ಡೇಟಿಂಗೋ ಎಂಬುದನ್ನು ಹೊರಗಿನವರು ತಿಳಿಯುವುದು ಹೇಗೆ? ಉಪದೇಶ ಬೇಡ, ಅನುಭವ ಬೇಕು.

ಸಾಗರದ ತೋಟದವ

ತಂಗಿ, ನಾನು ಮಿಲಾನಿನಲ್ಲಿ ಎರಡು ವರ್ಷ ಓದಿ, ನಾಲ್ಕು ವರ್ಷ ಕೆಲಸ ಮಾಡಿ, ಈಗ ಸಾಗರದ ತೋಟಕ್ಕೆ ಮರಳಿದವನು. ನಿಮ್ಮ ಸಹಪಾಠಿಯ ಮಾತಿನಲ್ಲಿ ಅರ್ಧ ಸರಿಯಿದೆ. ಪರಿಚಯಗಳೆಲ್ಲ ಸಂಜೆಯ ನಂತರವೇ ಆಗುತ್ತವೆ, ಆದರೆ ಗ್ಲಾಸಿನೊಳಗೆ ಏನಿದೆ ಎಂದು ಯಾರೂ ಇಣುಕಿ ನೋಡುವುದಿಲ್ಲ.

ಅಲ್ಲಿ ಸಂಜೆ ಆರೂವರೆಯಿಂದ ಒಂಬತ್ತರವರೆಗಿನ ಹೊತ್ತಿಗೆ ‘ಅಪೆರಿತೀವೊ’ ಎಂಬ ಹೆಸರಿದೆ. ಊಟಕ್ಕೆ ಮುನ್ನ ಹಸಿವು ಕೆರಳಿಸಲು ತೆಗೆದುಕೊಳ್ಳುವ ತುಸು ಕಹಿಯಾದ ಪಾನೀಯ, ಜೊತೆಗೆ ಆಲಿವ್ ಕಾಯಿ, ಚಿಪ್ಸ್, ಬ್ರೆಡ್ಡಿನ ಮೇಲೆ ಇನ್ನೇನೋ. ನಮ್ಮ ಕಡೆ ಮನೆಗೆ ಬಂದವರನ್ನು ‘ಆಸರಿಗೆ ಏನು ಬೇಕು?’ ಎಂದು ಕೇಳಿ ಕೂರಿಸುತ್ತಾರಲ್ಲ, ನನಗೆ ಅದು ಹಾಗೆಯೇ ಕಂಡಿತು. ಬೆಲ್ಲ ನೀರು ಒಂದು ನೆಪ, ಎದುರು ಕುಳಿತು ಮಾತನಾಡುವುದು ಮುಖ್ಯ. ಎಂಟರಿಂದ ಹನ್ನೆರಡು ಯೂರೋ ಕೊಟ್ಟು ಒಂದೇ ಗ್ಲಾಸನ್ನು ಎರಡು ಗಂಟೆ ಹಿಡಿದು ಕುಳಿತರೂ ಯಾರೂ ಎಬ್ಬಿಸುವುದಿಲ್ಲ. ‘ಅನಾಲ್ಕೋಲಿಕೊ’ ಎಂದು ಕೇಳಿದರೆ ಮದ್ಯವಿಲ್ಲದ, ಅದೇ ಕೆಂಪು ಬಣ್ಣದ, ಅದೇ ಕಹಿ ರುಚಿಯ ಪಾನೀಯವನ್ನು ಕಿತ್ತಳೆ ಹೋಳು ಹಾಕಿಯೇ ಕೊಡುತ್ತಾರೆ. ತೂರಾಡುವಷ್ಟು ಕುಡಿಯುವುದು ಆ ಜನರಿಗೆ ನಾಚಿಕೆಯ ವಿಷಯ. ನಾಲ್ವರೆದುರು ಹಾಗೆ ಮಾನ ಕಳೆದುಕೊಳ್ಳುವುದಕ್ಕೆ ‘ಬ್ರುತ್ತಾ ಫಿಗೂರಾ’ ಎಂಬ ಮಾತೇ ಇದೆ.

ಕಹಿ ಪಾನೀಯದ ಮಾತು ಬಂದದ್ದರಿಂದ ಹೇಳುತ್ತೇನೆ, ಕಾಂಪಾರಿ ಎಂಬ ಕೆಂಪು ಪಾನೀಯ ಹುಟ್ಟಿದ್ದು 1860ರಲ್ಲಿ, ಮಿಲಾನಿಗೆ ಹತ್ತಿರದ ನೊವಾರಾ ಪಟ್ಟಣದಲ್ಲಿ. ಕಾಂಪಾರಿ ಮನೆತನದವರು 1915ರಲ್ಲಿ ತೆರೆದ ಬಾರು (ಅಲ್ಲಿ ಬಾರೆಂದರೆ ಕಾಫಿಯೂ ಸಿಗುವ ಅಂಗಡಿ) ಇಂದಿಗೂ ದುವೋಮೊ ಎಂಬ ಮುಖ್ಯ ಚರ್ಚಿನ ಚೌಕದ ಪಕ್ಕದ ಗಾಜಿನ ಚಾವಣಿಯ ಗ್ಯಾಲರಿಯಲ್ಲಿದೆ. ಅಲ್ಲಿ ಒಮ್ಮೆ ನಿಂತು ಕಾಫಿ ಕುಡಿಯಿರಿ, ಕುಳಿತರೆ ಬೆಲೆ ಬೇರೆ. ನಿಮ್ಮ ಚಿತ್ತಾ ಸ್ತೂದಿ ಕ್ಯಾಂಪಸ್ಸಿಗೆ ಹೆಚ್ಚು ದೂರವಿಲ್ಲದ ಬಾರ್ ಬಾಸ್ಸೊ ಎಂಬಲ್ಲಿ, 1970ರ ದಶಕದ ಆರಂಭದಲ್ಲಿ, ಜಿನ್ ಬೀಳಬೇಕಾದ ಕಡೆ ನೊರೆಯ ವೈನ್ ಬಿದ್ದು ಹೊಸದೊಂದು ಪಾನೀಯವಾಯಿತೆಂದು ಹೇಳುತ್ತಾರೆ. ಅದರ ಹೆಸರೇ ‘ಸ್ಬಾಲ್ಯಾತೊ’, ಅಂದರೆ ‘ತಪ್ಪಾದದ್ದು’. ಕುಡಿಯದಿದ್ದರೂ ಈ ಕತೆ ಗೊತ್ತಿರಲಿ, ಮಾತು ಶುರು ಮಾಡಲು ಒದಗುತ್ತದೆ.

ಹೊಸಬರೆಲ್ಲ ಮೊದಲು ಹೋಗುವುದು ನಾವೀಲಿ ಕಾಲುವೆಗಳ ದಡಕ್ಕೆ. ಹಳೆಯ ಬಂದರಾದ ದಾರ್ಸೆನಾವನ್ನು 2015ರ ವಿಶ್ವ ಪ್ರದರ್ಶನದ ವೇಳೆಗೆ ದುರಸ್ತಿ ಮಾಡಿದ ಮೇಲೆ ಅದರ ಕಟ್ಟೆಯ ಮೇಲೆ ಬೇಸಿಗೆಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಜೂನಿನಲ್ಲಿ ಸೂರ್ಯ ಮುಳುಗುವುದೇ ರಾತ್ರಿ ಒಂಬತ್ತು ಕಾಲಿಗೆ. ಅಲ್ಲಿಂದ ಸ್ವಲ್ಪ ನಡೆದರೆ ಸಾನ್ ಲೊರೆಂಜೊ ಚರ್ಚಿನೆದುರು ರೋಮನ್ನರ ಕಾಲದ ಹದಿನಾರು ಕಂಬಗಳು ನಿಂತಿವೆ. ಶಿವಮೊಗ್ಗದ ಗೋಪಿ ವೃತ್ತದಲ್ಲಿ ಹುಡುಗರು ಬೈಕ್ ನಿಲ್ಲಿಸಿಕೊಂಡು ಹರಟುವ ಹಾಗೆ ವಿದ್ಯಾರ್ಥಿಗಳು ಆ ಕಂಬಗಳ ಬುಡದಲ್ಲಿ ಕುಳಿತಿರುತ್ತಾರೆ, ಖರ್ಚೂ ಇಲ್ಲ. ಕೊರ್ಸೊ ಕೋಮೊ ಕಡೆಯ ಡಿಸ್ಕೋಗಳ ಬಗ್ಗೆ ನನಗೆ ಒಳ್ಳೆಯ ಮಾತಿಲ್ಲ: ಮಧ್ಯರಾತ್ರಿಗೆ ಮುನ್ನ ಅಲ್ಲಿ ಜನವೇ ಇರುವುದಿಲ್ಲ, ಬಾಗಿಲಲ್ಲಿ ನಿಂತವರು ಮುಖ ಮತ್ತು ಬೂಟು ನೋಡಿ ಒಳಗೆ ಬಿಡುತ್ತಾರೆ, ಒಳಗೆ ಹೋದರೆ ಪಕ್ಕದವರ ಹೆಸರೂ ಕೇಳಿಸುವುದಿಲ್ಲ. ಕುಣಿಯುವ ಆಸೆಯಿದ್ದರೆ ಹೋಗಿ. ಗೆಳೆತನಕ್ಕಾಗಿ ಹೋಗುವುದು ಹಣ ದಂಡ.

ಮಿಲಾನಿನವರು ನಗುತ್ತ ಮಾತನಾಡುತ್ತಾರೆ, ‘ಚಿ ಸೆಂತ್ಯಾಮೊ’, ಅಂದರೆ ‘ಮತ್ತೆ ಮಾತನಾಡೋಣ’ ಎನ್ನುತ್ತಾರೆ, ಆಮೇಲೆ ತಿಂಗಳುಗಟ್ಟಲೆ ಸುದ್ದಿಯಿರುವುದಿಲ್ಲ. ಅದು ತಿರಸ್ಕಾರವಲ್ಲ ಎಂದು ತಿಳಿಯಲು ನನಗೆ ಒಂದು ವರ್ಷ ಬೇಕಾಯಿತು. ಶಾಲೆಯ ದಿನಗಳಿಂದ ಜೊತೆಗಿರುವ ಎಂಟು ಹತ್ತು ಮಂದಿಯ ಗುಂಪು ಅವರಿಗಿರುತ್ತದೆ. ಅದನ್ನು ‘ಕೊಂಪಾನ್ಯೀಯಾ’ ಎನ್ನುತ್ತಾರೆ. ಗುಂಪಿನೊಳಗಿನವರೊಬ್ಬರು ಕೈಹಿಡಿದು ಕರೆದುಕೊಂಡು ಹೋಗದೆ ಅಲ್ಲಿಗೆ ಪ್ರವೇಶವಿಲ್ಲ, ಹೋದ ಮೇಲೆ ಮಾತ್ರ ಅವರ ಮನೆಯ ಮದುವೆಗೂ ಕರೆಯುತ್ತಾರೆ. ನಮ್ಮಲ್ಲಿ ಅಡಿಕೆ ಸುಲಿಯುವ ರಾತ್ರಿಗಳಲ್ಲಿ ಹೊಸಬನೊಬ್ಬ ಬಂದು ಸುಮ್ಮನೆ ಮಾತಿಗೆ ಕುಳಿತರೆ ಯಾರಾದರೂ ಮಾತನಾಡಿಸುತ್ತಾರೆಯೇ? ಮೆಟ್ಟುಗತ್ತಿಯ ಮೇಲೆ ಕುಳಿತು ಎರಡು ಬುಟ್ಟಿ ಸುಲಿದರೆ ತಾವಾಗಿಯೇ ಕತೆ ಹೇಳಲು ಶುರು ಮಾಡುತ್ತಾರೆ. ಮಿಲಾನಿನಲ್ಲಿ ನನಗೆ ಆ ಮೆಟ್ಟುಗತ್ತಿ ಆದದ್ದು ಪರ್ವತಾರೋಹಣದ ಸಂಘ. ಇಟಲಿಯ ಆಲ್ಪೈನ್ ಕ್ಲಬ್ 1863ರಿಂದ ಇದೆ, ಮಿಲಾನಿನಲ್ಲೂ ಅದರ ಶಾಖೆಯಿದೆ. ಭಾನುವಾರ ಬೆಳಿಗ್ಗೆ ರೈಲಿನಲ್ಲಿ ಮುಕ್ಕಾಲು ಗಂಟೆಯೊಳಗೆ ಲೆಕ್ಕೊ ತಲುಪಿ, ಅಲ್ಲಿಂದ ಗ್ರಿನ್ಯಾ ಬೆಟ್ಟಗಳನ್ನು ಹತ್ತುವುದು. ಕೊಡಚಾದ್ರಿ ಹತ್ತಿ ಬೆಳೆದವರಿಗೆ ಅದು ಕಷ್ಟವಲ್ಲ, ಮತ್ತು ಇಳಿಯುವಾಗ ನಿಮ್ಮ ಬ್ರೆಡ್ಡನ್ನು ಹಂಚಿಕೊಂಡವರು ಗುರುವಾರದ ಅಪೆರಿತೀವೊಗೆ ಕರೆದೇ ಕರೆಯುತ್ತಾರೆ. ಆಗಸ್ಟಿನಲ್ಲಿ ಮಾತ್ರ ಯಾರನ್ನೂ ನಿರೀಕ್ಷಿಸಬೇಡಿ, 15ನೆಯ ತಾರೀಖಿನ ಹಬ್ಬದ ಆಸುಪಾಸು ಊರಿಗೆ ಊರೇ ಸಮುದ್ರತೀರದಲ್ಲಿರುತ್ತದೆ.

ಶಿವಮೊಗ್ಗದ ಅಕ್ಕ

ಸಾಗರದ ಅಣ್ಣ ಗಂಡಸಿನ ಕಣ್ಣಿನಿಂದ ಬರೆದಿದ್ದಾರೆ. ಉಳಿದದ್ದನ್ನು ನಾನು ಹೇಳುತ್ತೇನೆ. ಮಿಲಾನಿನಲ್ಲಿ ನಾನಿದ್ದದ್ದು ಮೂರು ವರ್ಷ.

ಕಾಫಿಗೆ ಕರೆದರೆ ಅದು ಬಹುಪಾಲು ಕಾಫಿಯೇ. ಅಲ್ಲಿ ಕಾಫಿ ಎಂದರೆ ಬಾರಿನ ಕಟ್ಟೆಗೆ ಒರಗಿ ನಿಂತು ಎರಡು ಗುಟುಕಿನಲ್ಲಿ ಮುಗಿಸುವ ಐದು ನಿಮಿಷದ ಕೆಲಸ. ಅಪೆರಿತೀವೊಗೆ ಒಬ್ಬರೇ ಕರೆದರೆ ಸ್ವಲ್ಪ ಯೋಚಿಸಿ, ರಾತ್ರಿ ಎಂಟೂವರೆಯ ಊಟಕ್ಕೆ ಒಬ್ಬರೇ ಕರೆದರೆ ಅದು ಡೇಟಿಂಗ್ ಎಂದೇ ತಿಳಿಯಿರಿ. ಸಂಶಯವಿದ್ದರೆ ‘ಬೇರೆ ಯಾರು ಬರುತ್ತಾರೆ?’ ಎಂದು ಕೇಳಿ. ಉತ್ತರದಲ್ಲಿ ಎಲ್ಲ ತಿಳಿಯುತ್ತದೆ. ಇದನ್ನು ನನಗೆ ಕಲಿಸಿದವಳು ನನ್ನ ಕೋಣೆಯ ಗೆಳತಿ, ಅದೂ ನಾನೊಮ್ಮೆ ಪ್ರಯೋಗಾಲಯದ ಸಹೋದ್ಯೋಗಿಯ ಊಟದ ಕರೆಗೆ ಇನ್ನಿಬ್ಬರು ಗೆಳತಿಯರನ್ನು ಕರೆದುಕೊಂಡು ಹೋಗಿ ಆ ಪಾಪದವನ ಮುಖ ಸಣ್ಣದಾದ ಮೇಲೆ.

ಮಾತಿನ ಹಂತಗಳನ್ನೂ ತಿಳಿದಿರಿ. ‘ಚಿ ಫ್ರೆಕ್ವೆಂತ್ಯಾಮೊ’ ಎಂದರೆ ಆಗಾಗ ಭೇಟಿಯಾಗುತ್ತಿದ್ದೇವೆ, ಇನ್ನೂ ಏನೂ ನಿಶ್ಚಯವಿಲ್ಲ ಎಂದರ್ಥ. ‘ಸ್ತ್ಯಾಮೊ ಇನ್‌ಸ್ಯೇಮೆ’ ಎಂದ ಮೇಲೆ ಅದು ಜೋಡಿ. ಗೆಳತಿ, ಅಮ್ಮ, ತಮ್ಮ ಎಲ್ಲರಿಗೂ ಹೇಳುವ ಮಾತು ‘ತಿ ವೋಲ್ಯೊ ಬೇನೆ’. ಕೊನೆಯ ಪದ ಕೇಳಿ ಗಾಬರಿಯಾಗಬೇಡಿ, ಅವರ ‘ಬೇನೆ’ಯೆಂದರೆ ಒಳಿತು. ‘ತಿ ಆಮೊ’ ಎಂಬುದನ್ನು ಪ್ರೇಮಿಗೆ ಮಾತ್ರ ಹೇಳುತ್ತಾರೆ. ನಮ್ಮ ‘ಪ್ರೀತಿ’ ಎಂಬ ಒಂದೇ ಪದದೊಳಗೆ ಎರಡನ್ನೂ ತುಂಬಿಕೊಂಡು ಬೆಳೆದವರಿಗೆ ಇಲ್ಲಿ ಎಡವುವುದು ಸುಲಭ.

ಹೊರಗಿನವಳೆಂಬ ಕುತೂಹಲದಿಂದ ಹತ್ತಿರ ಬರುವವರೂ ಇದ್ದಾರೆ. ಮೊದಲ ಭೇಟಿಯಲ್ಲೇ ಯೋಗ, ಮಸಾಲೆ, ‘ಭಾರತದ ನಿಗೂಢತೆ’ ಎಂದು ಶುರು ಮಾಡುವವರಿಗೆ ನಾನು ಎರಡನೆಯ ಭೇಟಿ ಕೊಡುತ್ತಿರಲಿಲ್ಲ. ಅವರ ತಂದೆತಾಯಿಗಳ ಪೀಳಿಗೆಯವರು ಕಬೀರ್ ಬೇಡಿಯ ಹೆಸರೆತ್ತಿದರೆ ಮಾತ್ರ ಕ್ಷಮಿಸಿಬಿಡಿ. 1976ರಲ್ಲಿ ಇಟಲಿಯ ಟೀವಿಯಲ್ಲಿ ಬಂದ ಧಾರಾವಾಹಿಯಿಂದಾಗಿ ಆತ ಅಲ್ಲಿ ಮನೆಮಾತು. ಮೂವತ್ತರ ಹತ್ತಿರದವರೆಗೂ ತಂದೆತಾಯಿಯ ಜೊತೆಗೇ ಇರುವುದು ಅಲ್ಲಿ ಸಾಮಾನ್ಯ, ಆದ್ದರಿಂದ ‘ಅಮ್ಮನಿಗೆ ಫೋನ್ ಮಾಡಬೇಕು’ ಎಂದು ನೀವು ನಡುವೆ ಎದ್ದರೆ ಯಾರೂ ನಗುವುದಿಲ್ಲ. ಬಿಲ್ಲನ್ನು ಗೆಳೆಯರಲ್ಲಿ ‘ಅಲ್ಲಾ ರೊಮಾನಾ’, ಅಂದರೆ ತಲೆಗಿಷ್ಟು ಎಂದು ಹಂಚಿಕೊಳ್ಳುತ್ತಾರೆ. ಸಸ್ಯಾಹಾರಿಯಾದ ನಿಮಗೊಂದು ಎಚ್ಚರಿಕೆ: ಕೇಸರಿ ಬಣ್ಣದ ಮಿಲಾನಿನ ರಿಸೊತ್ತೊ ಎಂಬ ಅನ್ನದ ತಿನಿಸು ನೋಡಲು ಕೇಸರಿಬಾತಿನ ನೆಂಟನಂತಿದ್ದರೂ ಸಂಪ್ರದಾಯದ ಪ್ರಕಾರ ಅದಕ್ಕೆ ದನದ ಮೂಳೆಯ ಮಜ್ಜೆ ಹಾಕುತ್ತಾರೆ.

ರಾತ್ರಿಯ ವಿಚಾರ. ಮೆಟ್ರೋ ಹನ್ನೆರಡೂವರೆಯ ಸುಮಾರಿಗೆ ನಿಲ್ಲುತ್ತದೆ. ನಿಮ್ಮ ಕ್ಯಾಂಪಸ್ಸಿಗೆ ಹಸಿರು ಮಾರ್ಗದ ಪಿಯೋಲಾ ನಿಲ್ದಾಣ ಹತ್ತಿರ. ಆಮೇಲೆ ರಾತ್ರಿ ಬಸ್ಸುಗಳಿವೆ, ಆದರೆ ಎಲ್ಲ ದಿನವೂ ಎಲ್ಲ ಕಡೆಗೂ ಇಲ್ಲ. ನಗರವನ್ನು ಸುತ್ತುವ 90 ಮತ್ತು 91ನೆಯ ಬಸ್ಸುಗಳು ಇಡೀ ರಾತ್ರಿ ಓಡುತ್ತವೆ, ಆದರೂ ಒಬ್ಬಳೇ ಇದ್ದಾಗ ನಾನು ಅವನ್ನು ಹತ್ತುತ್ತಿರಲಿಲ್ಲ. ತುರ್ತಿಗೆ 112, ಹೆಣ್ಣುಮಕ್ಕಳ ಮೇಲಿನ ಕಿರುಕುಳ, ಹಿಂಬಾಲಿಸುವಿಕೆಗಳಿಗೆ 1522 ಎಂಬ ಉಚಿತ ಸಹಾಯವಾಣಿ ಇಪ್ಪತ್ನಾಲ್ಕು ಗಂಟೆಯೂ ಇರುತ್ತದೆ. ನಿಮ್ಮ ಗ್ಲಾಸು, ಮದ್ಯವಿಲ್ಲದ್ದಾದರೂ, ನಿಮ್ಮ ಕೈಯಲ್ಲೇ ಇರಲಿ.

ಬಟ್ಟೆಯ ಚಿಂತೆ ಬಿಡಿ. ಸೆಪ್ಟೆಂಬರಿನ ಫ್ಯಾಷನ್ ವಾರದಲ್ಲಿ ಕಾಣುವ ವೇಷಗಳನ್ನು ನೋಡಿ ಹೆದರಬೇಡಿ, ಅವರೆಲ್ಲ ಹೊರಗಿನಿಂದ ಬಂದವರು. ಊರಿನವರು ನೋಡುವುದು ಇಸ್ತ್ರಿಯನ್ನು, ಬೂಟಿನ ಹೊಳಪನ್ನು. ಹೆಗ್ಗೋಡಿನ ‘ಚರಕ’ ಸಂಸ್ಥೆಯ ಕೈಮಗ್ಗದ ಕುರ್ತಾ ನನಗೆ ಕೊಡಿಸಿದಷ್ಟು ಮೆಚ್ಚುಗೆಯನ್ನು ಅಲ್ಲಿ ಕೊಂಡ ಯಾವ ಬಟ್ಟೆಯೂ ಕೊಡಿಸಲಿಲ್ಲ.

ಹೊಸನಗರದ ಮೇಷ್ಟ್ರು

ಮಗನ ಮನೆಯಲ್ಲಿ ನಾಲ್ಕು ತಿಂಗಳು ಮಿಲಾನಿನಲ್ಲಿದ್ದ ಅನುಭವದಿಂದ ಒಂದೇ ಮಾತು. ಮೇಲಿನಿಬ್ಬರೂ ಭಾಷೆಯನ್ನು ಹಗುರವಾಗಿ ದಾಟಿದ್ದಾರೆ. ಇಂಗ್ಲಿಷಿನಲ್ಲಿ ಪದವಿ ಪಡೆಯಬಹುದು, ಆದರೆ ಹತ್ತು ಮಂದಿ ಒಟ್ಟಿಗೆ ನಗುವಾಗ ಹನ್ನೊಂದನೆಯವರಿಗಾಗಿ ಯಾರೂ ಅನುವಾದಿಸುತ್ತ ಕೂರುವುದಿಲ್ಲ. ಈಗಿನಿಂದಲೇ ದಿನಕ್ಕೆ ಅರ್ಧ ಗಂಟೆ ಕಲಿಯಿರಿ. ನಮಗೊಂದು ಅನುಕೂಲವಿದೆ: ‘ನೀನು’ ಮತ್ತು ‘ನೀವು’ಗಳ ವ್ಯತ್ಯಾಸ ಅವರಲ್ಲೂ ‘ತು’ ಮತ್ತು ‘ಲೇಯಿ’ ಎಂದು ಇದೆ, ಇಂಗ್ಲಿಷಿನವರಿಗೆ ಇದು ಅರ್ಥವಾಗುವುದೇ ಕಷ್ಟ. ವಿದ್ಯಾರ್ಥಿಗಳ ನಡುವೆ ಮೊದಲ ಕ್ಷಣದಿಂದಲೇ ‘ತು’. ಅಂಗಡಿಯ ಹಿರಿಯರಿಗೆ, ಗೆಳೆಯರ ಅಜ್ಜಿಗೆ ‘ಲೇಯಿ’. ನಮ್ಮ ಮನೆಯ ಕೆಳಗಿನ ಬಾರಿನಲ್ಲಿ ದಿನವೂ ಎಂಟು ಗಂಟೆಗೆ ಹೋಗಿ ತಪ್ಪುತಪ್ಪಾಗಿ ನಾಲ್ಕು ಮಾತನಾಡುತ್ತಿದ್ದೆ. ಮೂರನೆಯ ವಾರ ನಾನು ಬಾಯಿ ತೆರೆಯುವ ಮುನ್ನವೇ ಕಾಫಿ ಬರುತ್ತಿತ್ತು.

ತುಂಗೆಯ ದಡ

ಅಣ್ಣ, ಅಕ್ಕ, ಮೇಷ್ಟ್ರೇ, ತುಂಬಾ ಉಪಕಾರವಾಯಿತು. ಕೊಡಚಾದ್ರಿಯನ್ನು ನಾಲ್ಕು ಬಾರಿ ಹತ್ತಿದ್ದೇನೆ, ಆದ್ದರಿಂದ ಸಾಗರದ ಅಣ್ಣ ಹೇಳಿದ ದಾರಿಯೇ ನನಗೆ ಹೊಂದುವಂತಿದೆ. ಒಂದು ಸಣ್ಣ ಪ್ರಶ್ನೆ ಉಳಿಯಿತು: ಯಾರಾದರೂ ಮನೆಗೆ ಊಟಕ್ಕೆ ಕರೆದರೆ ಏನು ಕೊಂಡೊಯ್ಯಬೇಕು? ಅಮ್ಮ ಈಗಾಗಲೇ ಅಪ್ಪೆಮಿಡಿ ಉಪ್ಪಿನಕಾಯಿಯ ಮೂರು ಬಾಟಲಿ ಕಟ್ಟಿಟ್ಟಿದ್ದಾರೆ.

ಸಾಗರದ ತೋಟದವ

ಉಪ್ಪಿನಕಾಯಿ ನಿಮಗೇ ಇರಲಿ, ಡಿಸೆಂಬರಿನ ಚಳಿಯಲ್ಲಿ ನಾಲ್ಕೂಮುಕ್ಕಾಲಿಗೆ ಕತ್ತಲಾದಾಗ ಬೇಕಾಗುತ್ತದೆ. ಮನೆಗೆ ಹೋಗುವಾಗ ಬೇಕರಿಯಿಂದ ಸಿಹಿತಿಂಡಿಯ ಒಂದು ಪೊಟ್ಟಣ, ಇಲ್ಲವೇ ಹೂವು. ಹೂವಾದರೆ ಸೇವಂತಿಗೆ ಮಾತ್ರ ಬೇಡ. ನಾನು ಅಕ್ಟೋಬರ್ ಕೊನೆಯಲ್ಲಿ, ಅಂಗಡಿಗಳ ತುಂಬ ಸೇವಂತಿಗೆ ಬಂದದ್ದನ್ನು ಕಂಡು, ನಮ್ಮೂರ ಹಬ್ಬದ ನೆನಪಾಗಿ, ಹಳದಿ ಸೇವಂತಿಗೆಯ ದೊಡ್ಡ ಗುಚ್ಛವನ್ನು ಗೆಳೆಯನ ತಾಯಿಯ ಕೈಗೆ ಕೊಟ್ಟೆ. ಅವರು ಒಂದು ಕ್ಷಣ ಗೆಳೆಯನ ಮುಖ ನೋಡಿ, ಮತ್ತೆ ನಕ್ಕು, ನೀರಿಗೆ ಹಾಕಿ ಇಟ್ಟರು. ನವೆಂಬರ್ 2ರಂದು ಅಲ್ಲಿ ಸತ್ತವರ ದಿನ, ಆ ಹೂವನ್ನು ಸಮಾಧಿಗೆ ಇಡಲು ಮಾರುತ್ತಾರೆ ಎಂದು ಗೆಳೆಯ ಹೇಳಿದ್ದು ಊಟ ಮುಗಿಸಿ ಮೆಟ್ಟಿಲಿಳಿಯುವಾಗ. ಮರುವಾರ ಆ ತಾಯಿ ಮತ್ತೆ ಊಟಕ್ಕೆ ಕರೆದರು, ‘ಹೂವು ಬೇಡ’ ಎಂದು ಹೇಳಿಯೇ ಕರೆದರು.